ತೊಳೆದು ಅಳೆಯುವ ದಾರಿ: ಸ್ಟೀರಾಯ್ಡ್ ಸಲ್ಫಟೇಸ್ ಪ್ರತಿಬಂಧಕಗಳೊಂದಿಗೆ ನನ್ನ ಅನುಭವ

ಸ್ಟೀರಾಯ್ಡ್ ಹಾರ್ಮೋನುಗಳಿಂದ ಸಲ್ಫೇಟ್ ಗುಂಪನ್ನು ಸೀಳುವ ಸ್ಟೀರಾಯ್ಡ್ ಸಲ್ಫಟೇಸ್ ಕಿಣ್ವವನ್ನು ತಡೆಯುವ ಕುಮಾರಿನ್ ಸಲ್ಫಮೇಟುಗಳೆಂಬ ಅಣುಗಳ ಸಾಮರ್ಥ್ಯವನ್ನು ವಿಕಿರಣಶೀಲ ಹೈಡ್ರೋಜನ್ ಆದ ಟ್ರಿಟಿಯಂ ಮುಟ್ಟದೆ, ಹೊಳಪನ್ನು ಓದುವ ಸಾಧಾರಣ ಫ್ಲೂರೆಸೆನ್ಸ್ ಪ್ಲೇಟ್ ರೀಡರಿನಲ್ಲಿ ಅಳೆಯಬಹುದು ಎಂದು ನಾನು ಹೇಳತೊಡಗಿದಾಗ ಒಪ್ಪಿದವರು ಬಹಳ ಕಡಿಮೆ. ಅವರ ಆಕ್ಷೇಪದಲ್ಲಿ ಹುರುಳಿತ್ತು. ಕಿಣ್ವ ಸೀಳಲೆಂದು ನಾವು ಕೊಡುವ ಸಬ್‌ಸ್ಟ್ರೇಟ್ 4-ಮೀಥೈಲ್‌ಅಂಬೆಲಿಫೆರೈಲ್ ಸಲ್ಫೇಟ್. ಕಿಣ್ವ ಅದನ್ನು ಸೀಳಿದಾಗ ಹೊಳೆಯುವ ಕುಮಾರಿನ್ ಹೊರಬರುತ್ತದೆ. ಪರೀಕ್ಷೆಗೆ ಒಡ್ಡುವ ಪ್ರತಿಬಂಧಕವೂ ಕುಮಾರಿನ್ನೇ ಆದ್ದರಿಂದ, ಅದು ತನ್ನ ಸಲ್ಫಮೇಟ್ ಗುಂಪನ್ನು ಕಳೆದುಕೊಂಡ ಮೇಲೆ ಉಳಿಯುವ ಫೀನಾಲ್ ಕೂಡ ಹೆಚ್ಚುಕಡಿಮೆ ಅದೇ ತರಂಗಾಂತರದಲ್ಲಿ ಹೊಳೆಯುತ್ತದೆ. ಧಾರವಾಡದಲ್ಲಿ ನನಗೆ ರಸಾಯನಶಾಸ್ತ್ರ ಕಲಿಸಿದ ಹಿರಿಯರು ಇದನ್ನು ಕೇಳಿ, "ಬೆಳಕಿನ್ಯಾಗ ಬೆಳಕು ಹುಡುಕಾಕ ಹೊಂಟೀಯಲ್ಲೋ ತಮ್ಮಾ" ಎಂದಿದ್ದರು. ಧನಸಹಾಯಕ್ಕೆ ಹಾಕಿದ ಅರ್ಜಿಯೂ ಇದೇ ಕಾರಣಕ್ಕೆ ತಿರಸ್ಕೃತವಾಯಿತು. ಈಗ ಆ ವಿಧಾನ ನನ್ನ ಪುಟ್ಟ ಬಾಡಿಗೆ ಪ್ರಯೋಗಶಾಲೆಯಲ್ಲಿ ವಾರ ವಾರ ನಡೆಯುತ್ತಿದೆ. ಇದೇ ಕೆಲಸದಲ್ಲಿರುವವರಿಗೆ ಉಪಯೋಗವಾದೀತೆಂದು ಬರೆಯುತ್ತಿದ್ದೇನೆ.

ಈ ಕಿಣ್ವವನ್ನೇ ಏಕೆ ಹಿಡಿದಿರಿ ಎಂಬ ಪ್ರಶ್ನೆ ಪ್ರತಿ ಸಲವೂ ಬರುತ್ತದೆ. ಈಸ್ಟ್ರೋಜನ್ ತಯಾರಿಸುವ ಕಿಣ್ವವಾದ ಅರೋಮಟೇಸ್‌ಗೆ ತಡೆಯಾಗಿ ಲೆಟ್ರೋಜೋಲ್, ಅನಾಸ್ಟ್ರೋಜೋಲ್, ಎಕ್ಸಿಮೆಸ್ಟೇನ್ ಇವೆ, ಮೂರೂ ಇಂದು ಅಗ್ಗದ ಮಾತ್ರೆಗಳು. ಆದರೆ ಋತುಬಂಧದ ನಂತರದ ಸ್ತನ ಕ್ಯಾನ್ಸರಿನಲ್ಲಿ ರಕ್ತದಲ್ಲಿ ಸಂಗ್ರಹವಾಗಿರುವ ಈಸ್ಟ್ರೋನ್ ಸಲ್ಫೇಟನ್ನು ಗೆಡ್ಡೆಯ ಒಳಗೇ ಸೀಳಿ ಈಸ್ಟ್ರೋನ್ ಎಂಬ ಈಸ್ಟ್ರೋಜನ್ ಮಾಡುವುದು ಸಲ್ಫಟೇಸ್. ಇನ್ನೊಂದು ಹಾರ್ಮೋನಾದ ಡಿಹೆಚ್‌ಇಎ ಸಲ್ಫೇಟಿನಿಂದ ಕೊನೆಗೆ ಆಂಡ್ರೋಸ್ಟೀನ್‌ಡಯಾಲ್ ಆಗುವ ದಾರಿಯೂ ಇದೇ ಕಿಣ್ವದಿಂದ ಆರಂಭವಾಗುತ್ತದೆ. ಆ ಡಯಾಲ್ ಅರೋಮಟೇಸಿನ ಹಂಗಿಲ್ಲದೆ ಈಸ್ಟ್ರೋಜನ್ ಗ್ರಾಹಕಕ್ಕೆ ಅಂಟಿಕೊಳ್ಳಬಲ್ಲದು. ಸಲ್ಫಟೇಸನ್ನು ತಡೆಯುವ ಕುಮಾರಿನ್ ಸಲ್ಫಮೇಟಾದ ಇರೋಸುಸ್ಟಾಟ್‌ನ ಮೊದಲ ಹಂತದ ಪರೀಕ್ಷೆಯ ವರದಿ 2006ರಲ್ಲಿ ಬಂದಾಗ ಗೆಡ್ಡೆಯೊಳಗಿನ ಸಲ್ಫಟೇಸ್ ಚಟುವಟಿಕೆ ಬಹುಮಟ್ಟಿಗೆ ನಿಂತೇ ಹೋಗಿದ್ದು ಕಂಡಿತ್ತು. ಆನಂತರ ಗರ್ಭಕೋಶದ ಒಳಪದರದ ಕ್ಯಾನ್ಸರಿನಲ್ಲಿ ಹಳೆಯ ಹಾರ್ಮೋನ್ ಔಷಧವಾದ ಮೆಜೆಸ್ಟ್ರಾಲ್‌ಗೆ ಎದುರಾಗಿ ನಡೆಸಿದ ಪರೀಕ್ಷೆ ಫಲ ಕೊಡದೆ ನಿಂತಿತು ಎಂಬುದನ್ನೇ ಹಿಡಿದು ಈ ಗುರಿ ಸತ್ತಿತು ಎನ್ನುವವರಿದ್ದಾರೆ. ಗರ್ಭಕೋಶದ ಒಳಪದರದಂಥ ಅಂಗಾಂಶ ಹೊರಗೆ ಬೆಳೆಯುವ ರೋಗವಾದ ಎಂಡೊಮೆಟ್ರಿಯೋಸಿಸ್‌ಗಾಗಿ ಈಸ್ಟ್ರೋನನ್ನು ಈಸ್ಟ್ರಡಯಾಲ್ ಮಾಡುವ ಪಕ್ಕದ ಕಿಣ್ವವಾದ 17-ಬೀಟಾ-ಹೆಚ್‌ಎಸ್‌ಡಿ1 ಮೇಲೆ ನಡೆದ ಎರಡನೆಯ ಹಂತದ ಪರೀಕ್ಷೆ 2025ರಲ್ಲಿ ಕೈಬಿಟ್ಟು ಹೋದ ಮೇಲೆ ಆ ಮಾತು ಇನ್ನೂ ಜೋರಾಯಿತು. ಒಂದೊಂದೇ ಕಿಣ್ವವನ್ನು ಮುಚ್ಚಿದರೆ ಅಂಗಾಂಶ ಇನ್ನೊಂದು ದಾರಿಯಿಂದ ಹಾರ್ಮೋನ್ ಮಾಡಿಕೊಳ್ಳುತ್ತದೆ ಎಂಬುದಷ್ಟೇ ಅದರಿಂದ ನಾನು ತೆಗೆದ ಅರ್ಥ. ಅರೋಮಟೇಸನ್ನೂ ಸಲ್ಫಟೇಸನ್ನೂ ಒಟ್ಟಿಗೆ ತಡೆಯುವ ಅಣುಗಳ ಮೇಲೆ ನನಗೆ ಭರವಸೆ ಇದೆ, ಅಂಥ ಅಣುಗಳನ್ನು ನೂರರ ಲೆಕ್ಕದಲ್ಲಿ ಸೋಸಬೇಕಾದರೆ ಅಗ್ಗದ ಅಳತೆ ಬೇಕೇ ಬೇಕು.

ಮೊದಲು ಅಣುವಿನ ತಯಾರಿಯ ಮಾತು. ಇರೋಸುಸ್ಟಾಟ್‌ನ ಫೀನಾಲ್ ಕಷ್ಟದ್ದಲ್ಲ. ರಿಸಾರ್ಸಿನಾಲ್ ಮತ್ತು ಏಳು ಸದಸ್ಯರ ಉಂಗುರದ ಬೀಟಾ-ಕೀಟೊ ಎಸ್ಟರನ್ನು ಆಮ್ಲದಲ್ಲಿ ಕೂಡಿಸುವ ಪೆಕ್‌ಮನ್ ಕ್ರಿಯೆ ಅದು; ಕರ್ನಾಟಕ ವಿಶ್ವವಿದ್ಯಾಲಯದ ಕುಮಾರಿನ್ ಪರಂಪರೆಯಲ್ಲಿ ಕೈ ಪಳಗಿಸಿಕೊಂಡವರಿಗೆ ಅದು ದಿನನಿತ್ಯದ ಕೆಲಸ. ತೊಂದರೆ ಇರುವುದು ಸಲ್ಫಮೇಟ್ ಅಂಟಿಸುವ ಕೊನೆಯ ಹೆಜ್ಜೆಯಲ್ಲಿ. ಸೋಡಿಯಂ ಹೈಡ್ರೈಡ್ ಮತ್ತು ಡಿಎಂಎಫ್ ದ್ರಾವಕ ಬಳಸುವ ಹಳೆಯ ಕ್ರಮದಲ್ಲಿ ನನಗೆ ನೂರಕ್ಕೆ ಮೂವತ್ತರ ಮೇಲೆ ಇಳುವರಿ ಸಿಗಲೇ ಇಲ್ಲ. ಟ್ರೈಈಥೈಲಮೀನ್ ಹಾಕಿದಾಗ ಇನ್ನೂ ಕೆಳಗಿಳಿಯಿತು, ಏಕೆಂದರೆ ಬೇಸ್ (ಕ್ಷಾರ) ಸಿಕ್ಕಿದೊಡನೆ, ಸಲ್ಫಮೇಟ್ ಅಂಟಿಸಲು ಬಳಸುವ ಸಲ್ಫಮೈಲ್ ಕ್ಲೋರೈಡ್ ತಾನೇ ಒಡೆದು ಬೇರೆ ದಾರಿ ಹಿಡಿಯುತ್ತದೆ. ಬೇಸ್ ಏನನ್ನೂ ಹಾಕದೆ, ಡೈಮೀಥೈಲ್ ಅಸೆಟಮೈಡಿನಲ್ಲಿ ಫೀನಾಲ್ ಕರಗಿಸಿ, ಮಂಜುಗಡ್ಡೆಯ ಮೇಲೆ ಸಲ್ಫಮೈಲ್ ಕ್ಲೋರೈಡ್ ಸೇರಿಸಿ ರಾತ್ರಿ ಪೂರ್ತಿ ತಿರುಗಲು ಬಿಟ್ಟರೆ ಎಂಬತ್ತರ ಆಸುಪಾಸು ಬರುತ್ತದೆ. ಸಾಹಿತ್ಯದಲ್ಲಿ ಇರುವ ಕ್ರಮವೇ ಇದು; ಆದರೂ ಬೇಸ್ ಇಲ್ಲದೆ ಆಗುವುದುಂಟೇ ಎಂದು ನಕ್ಕವರನ್ನು ಕಂಡಿದ್ದೇನೆ.

ಸಲ್ಫಮೈಲ್ ಕ್ಲೋರೈಡನ್ನು ಕೊಳ್ಳುವ ಬದಲು ಕ್ಲೋರೊಸಲ್ಫೋನೈಲ್ ಐಸೊಸಯನೇಟ್ ಮತ್ತು ಫಾರ್ಮಿಕ್ ಆಮ್ಲದಿಂದ ನಾನೇ ಮಾಡಿಕೊಳ್ಳುತ್ತೇನೆ. ಕಾರ್ಬನ್ ಮೊನಾಕ್ಸೈಡ್ ಹೊರಬರುವುದರಿಂದ ಚೆನ್ನಾಗಿ ಎಳೆಯುವ ಫ್ಯೂಮ್ ಹುಡ್ ಮತ್ತು ಅನಿಲ ಸೂಚಕ ಇಲ್ಲದವರು ಇದಕ್ಕೆ ಕೈಹಾಕಬಾರದು. ಫಾರ್ಮಿಕ್ ಆಮ್ಲದಲ್ಲಿ ತೇವ ಇದ್ದರೆ ಎಲ್ಲವೂ ಹಾಳು. ಐಸೊಸಯನೇಟಿನ ಒಂದು ಬಾಟಲಿ ಸಾಗಣೆಯ ಅಪಾಯ ಶುಲ್ಕ ಸೇರಿ ನಮಗೆ ಹದಿನೈದು ಸಾವಿರದಷ್ಟಕ್ಕೆ ಬಂದಿತ್ತು, ಅದರಲ್ಲಿ ಸುಮಾರು ಅರವತ್ತು ಅಣುಗಳ ಕೆಲಸ ಮುಗಿಯಿತು.

ಕಿಣ್ವದ ಮೂಲ ಮಾನವ ಜರಾಯು. ಡೆಬಾಶಿಸ್ ಘೋಷ್ ಅವರ ತಂಡ 2003ರಲ್ಲಿ ಸಲ್ಫಟೇಸಿನ, 2009ರಲ್ಲಿ ಅರೋಮಟೇಸಿನ ಹರಳು ರಚನೆಯನ್ನು ಬಿಡಿಸಿದ್ದೂ ಜರಾಯುವಿನಿಂದ ತೆಗೆದ ಕಿಣ್ವದಿಂದಲೇ. ನೈತಿಕ ಸಮಿತಿಯ ಒಪ್ಪಿಗೆ ಮತ್ತು ತಾಯಂದಿರ ಲಿಖಿತ ಸಮ್ಮತಿ ಪಡೆಯುವುದಕ್ಕೆ ವರ್ಷದ ಅರ್ಧಭಾಗ ಹಿಡಿಯಿತು. ಅದಾದ ಮೇಲೆ ವಸ್ತುವಿಗೆ ಖರ್ಚಿಲ್ಲ, ಮಂಜುಗಡ್ಡೆ ಮತ್ತು ಆಟೋ ಬಾಡಿಗೆ ಮಾತ್ರ. ಖರ್ಚು ಬರುವುದು ಅಲ್ಟ್ರಾಸೆಂಟ್ರಿಫ್ಯೂಜಿಗೆ. ಕಿಣ್ವ ಹೊತ್ತಿರುವ ಪೊರೆಯ ತುಣುಕುಗಳಾದ ಮೈಕ್ರೋಸೋಮುಗಳನ್ನು 1,00,000 ಜಿ ಬಲದಲ್ಲಿ ಇಳಿಸಬೇಕೆಂಬುದು ಎಲ್ಲರ ಪಾಠ, ಆ ಯಂತ್ರದ ಬಾಡಿಗೆ ಗಂಟೆಗೆ ಎರಡು ಸಾವಿರದ ಮೇಲೆ. ನಾನು ಹಿಡಿದದ್ದು ಯಕೃತ್ತಿನ ಮೈಕ್ರೋಸೋಮುಗಳಿಗೆ ಹಿಂದಿನಿಂದಲೂ ಬಳಕೆಯಲ್ಲಿರುವ ಕ್ಯಾಲ್ಸಿಯಂ ದಾರಿ. ಮೈಟೊಕಾಂಡ್ರಿಯಾ ತೆಗೆದ ದ್ರವಕ್ಕೆ 8 ಮಿಲಿಮೋಲಾರ್ ಕ್ಯಾಲ್ಸಿಯಂ ಕ್ಲೋರೈಡ್ ಸೇರಿಸಿ ತಣ್ಣಗೆ ಕಲಕಿದರೆ ಮೈಕ್ರೋಸೋಮುಗಳು ಒಂದಕ್ಕೊಂದು ಅಂಟಿ ಗುಂಪಾಗುತ್ತವೆ, ಸಾಧಾರಣ ಶೀತಲ ಸೆಂಟ್ರಿಫ್ಯೂಜಿನಲ್ಲೇ ಕೆಳಗಿಳಿಯುತ್ತವೆ. ಸಲ್ಫಟೇಸ್ ತನ್ನ ಸಕ್ರಿಯ ತಾಣದಲ್ಲೇ ಕ್ಯಾಲ್ಸಿಯಂ ಇಟ್ಟುಕೊಂಡಿರುವ ಕಿಣ್ವವಾದ್ದರಿಂದ ಅದಕ್ಕೆ ಇದರಿಂದ ಕೇಡಿಲ್ಲ. ಫಾಸ್ಫೇಟ್ ಬಫರ್ ಮಾತ್ರ ಕೂಡದು, ಬಿಳಿ ಪುಡಿ ಕುಳಿತು ಎಲ್ಲವೂ ಕೆಡುತ್ತದೆ, ಟ್ರಿಸ್ ಬಳಸಿ.

ಜರಾಯುವಿನ ತೊಂದರೆ ರಕ್ತ. ಮೊದಲ ಸಲ ಇಳಿಸಿದ ಮುದ್ದೆ ಇಟ್ಟಿಗೆಯ ಬಣ್ಣಕ್ಕಿರುತ್ತದೆ, ಆ ಹಿಮೋಗ್ಲೋಬಿನ್ ನಮ್ಮ ಬೆಳಕನ್ನು ನುಂಗುತ್ತದೆ. ಪೊಟ್ಯಾಸಿಯಂ ಕ್ಲೋರೈಡ್ ದ್ರಾವಣದಲ್ಲಿ ಮತ್ತೆ ಮತ್ತೆ ತೊಳೆದು, ಮುದ್ದೆ ನೀರು ಬೆರೆಸಿದ ಹಾಲಿನ ಚಹಾದ ಬಣ್ಣಕ್ಕೆ ಬಂದ ಮೇಲೆ ನಿಲ್ಲಿಸುತ್ತೇನೆ. ಲೈಸೊಸೋಮಿನ ಅರೈಲ್ ಸಲ್ಫಟೇಸ್ ಎ ಮತ್ತು ಬಿ ನಮ್ಮ ಸಬ್‌ಸ್ಟ್ರೇಟನ್ನು ಸೀಳುತ್ತವಲ್ಲ ಎಂಬ ಇನ್ನೊಂದು ಆಕ್ಷೇಪಕ್ಕೂ ಈ ತೊಳೆತವೇ ಅರ್ಧ ಉತ್ತರ, ಏಕೆಂದರೆ ಅವು ಕರಗಿರುವ ಕಿಣ್ವಗಳು, ನೀರಿನೊಂದಿಗೆ ಹೊರಟುಹೋಗುತ್ತವೆ. ಉಳಿದರ್ಧ ಪಿಹೆಚ್: ಅವಕ್ಕೆ ಆಮ್ಲ ಬೇಕು, ನಾವು ಕೆಲಸ ಮಾಡುವುದು 7.4ರಲ್ಲಿ.

ಇನ್ನು ಮುಖ್ಯ ವಿಷಯ. ಅರೈಲ್ ಸಲ್ಫಮೇಟುಗಳು ಈ ಕಿಣ್ವವನ್ನು ಮರಳಿ ಬಾರದಂತೆ ಕೊಲ್ಲುತ್ತವೆ. ಬ್ಯಾರಿ ಪಾಟರ್ ಮತ್ತು ಮೈಕೆಲ್ ರೀಡ್ ಅವರ ತಂಡ 1994ರಲ್ಲಿ ಈಸ್ಟ್ರೋನಿನ ಸಲ್ಫಮೇಟಾದ ಈಮೇಟ್ ಅಣುವನ್ನು ಪ್ರಕಟಿಸಿದಾಗಿನಿಂದ ಇದು ಎಲ್ಲರಿಗೂ ಗೊತ್ತಿರುವ ಸಂಗತಿ. ಹಾಗಿದ್ದ ಮೇಲೆ ಅಳೆಯುವ ಹೊತ್ತಿಗೆ ಪ್ರತಿಬಂಧಕ ಕೊಳವೆಯಲ್ಲಿ ಇರಲೇಬೇಕೆಂಬ ನಿಯಮವೇನಿದೆ? ಮೈಕ್ರೋಸೋಮುಗಳಿಗೆ ಪ್ರತಿಬಂಧಕ ಕೊಟ್ಟು 37 ಡಿಗ್ರಿಯಲ್ಲಿ ಅರ್ಧ ಗಂಟೆ ಇಟ್ಟು, ಕ್ಯಾಲ್ಸಿಯಂ ಹಾಕಿ ಇಳಿಸಿ, ಮೇಲಿನ ದ್ರವವನ್ನು ಚೆಲ್ಲಿ, ತೊಳೆದು, ಆಮೇಲೆ ಹೊಸ ಬಫರಿನಲ್ಲಿ ಸಬ್‌ಸ್ಟ್ರೇಟ್ ಕೊಟ್ಟರಾಯಿತು. ಹೊಳೆಯುವ ಔಷಧ ಸಿಂಕಿಗೆ ಹೋಗಿರುತ್ತದೆ, ಸತ್ತ ಕಿಣ್ವ ಸತ್ತೇ ಇರುತ್ತದೆ. ಗ್ಲೈಸಿನ್-ಕಾರ್ಬೊನೇಟ್ ಹಾಕಿ ನಿಲ್ಲಿಸಿ 360 ನ್ಯಾನೊಮೀಟರಿನಲ್ಲಿ ಬೆಳಗಿಸಿ 450ರಲ್ಲಿ ಓದುವುದು ಎಂದಿನಂತೆ.

ಬರೆದಷ್ಟು ಸಲೀಸಾಗಿ ಅದು ಕೂಡಿಬರಲಿಲ್ಲ. ಈ ಅಣುಗಳಿಗೆ ಕೊಬ್ಬೆಂದರೆ ಒಲವು, ಪೊರೆಯೊಳಗೆ ಹುದುಗಿ ಕೂರುತ್ತವೆ, ಬರೀ ಬಫರಿನಲ್ಲಿ ಎಷ್ಟು ತೊಳೆದರೂ ಹಿಂದೆ ಉಳಿದ ಫೀನಾಲ್ ಬ್ಲ್ಯಾಂಕನ್ನು, ಅಂದರೆ ಕಿಣ್ವದ ಕೆಲಸವಿಲ್ಲದೆಯೂ ಬರುವ ಹೊಳಪನ್ನು, ಮೇಲೆತ್ತುತ್ತಿತ್ತು. ತಿಂಗಳುಗಟ್ಟಲೆ ಕೆಲಸ ಇಲ್ಲೇ ಸಿಕ್ಕಿಕೊಂಡಿತ್ತು, ಕಪ್ಪು ಪ್ಲೇಟುಗಳಿಗೇ ನಲವತ್ತು ಸಾವಿರದಷ್ಟು ಹೋಯಿತು. ಬೋವೈನ್ ಆಲ್ಬುಮಿನ್ ಸೇರಿಸಿದಾಗ ಬಹುಪಾಲು ದಾರಿಗೆ ಬಂತು, ಏಕೆಂದರೆ ಅದು ಪೊರೆಯಿಂದ ಅಣುವನ್ನು ಹೀರಿಕೊಳ್ಳುತ್ತದೆ. ಆಲ್ಬುಮಿನಿನ ಜೊತೆಗೆ ಮೊದಲ ತೊಳೆತಕ್ಕೆ ಮಾತ್ರ ನಾನು ಹಾಕುವ ಇನ್ನೊಂದು ವಸ್ತು ಇದೆ. ಅದನ್ನೂ ಎರಡರ ಪ್ರಮಾಣವನ್ನೂ ಸದ್ಯಕ್ಕೆ ನನ್ನಲ್ಲೇ ಇಟ್ಟುಕೊಳ್ಳುತ್ತೇನೆ. ಮುದ್ದೆಯನ್ನು ಪಿಪೆಟ್ಟಿನಲ್ಲಿ ಕದಡಬೇಡಿ, ಕೊಳವೆಯ ಗೋಡೆಗೆ ಮೆತ್ತಿಕೊಂಡು ಉಳಿಯುತ್ತದೆ. ಇನ್ಸುಲಿನ್ ಸಿರಿಂಜಿನ ಸೂಜಿಯ ಮೂಲಕ ನಿಧಾನವಾಗಿ ಎಳೆದು ಬಿಟ್ಟರೆ ಒಂದೇ ಸಮನಾದ ತೇಲುವಿಕೆ ಸಿಗುತ್ತದೆ. ಒಂದೊಂದು ತೊಳೆತಕ್ಕೆ ಒಂದಿಷ್ಟು ಕಿಣ್ವ ಹೋಗುವುದು ಖಂಡಿತ, ಒಟ್ಟು ಐದನೆಯ ಒಂದು ಭಾಗದಷ್ಟು ಎಂದಿಟ್ಟುಕೊಳ್ಳಿ. ಪ್ರತಿಬಂಧಕವಿಲ್ಲದ ಕೊಳವೆಗಳೂ ಅಷ್ಟೇ ಸಲ ತೊಳೆಸಿಕೊಂಡಿರಬೇಕು.

ಈ ವಿಧಾನದಲ್ಲಿ ಇರೋಸುಸ್ಟಾಟ್ ನನಗೆ ಕೊಟ್ಟ ಐಸಿ50 (ಕಿಣ್ವದ ಅರ್ಧ ಚಟುವಟಿಕೆಯನ್ನು ನಿಲ್ಲಿಸುವ ಪ್ರಮಾಣ) ಹತ್ತು ನ್ಯಾನೊಮೋಲಾರಿನ ಆಚೀಚೆ. ಜರಾಯು ಮೈಕ್ರೋಸೋಮುಗಳಲ್ಲಿ ಟ್ರಿಟಿಯಂ ಬಳಸಿ ಪ್ರಕಟವಾದ ಅಂಕಿ 8. ಬೇರೆ ಬೇರೆ ಜರಾಯುಗಳಲ್ಲಿ ಮಾಡಿದರೂ ಏಳರಿಂದ ಹದಿಮೂರರ ಒಳಗೇ ನಿಂತಿತು. ಇದನ್ನು ಕಂಡ ಮೇಲೆ ನನ್ನ ಗುರುಗಳೇ ತಮ್ಮ ಹಳೆಯ ವಿದ್ಯಾರ್ಥಿಯೊಬ್ಬರ ಸಲ್ಫಮೇಟುಗಳನ್ನು ನನ್ನಲ್ಲಿಗೆ ಕಳಿಸಿಕೊಟ್ಟರು. ಪ್ರತಿಬಂಧಕದ ಜೊತೆಗೇ ಈಸ್ಟ್ರೋನ್ ಸಲ್ಫೇಟ್ ಕೊಟ್ಟಾಗ ಕಿಣ್ವ ಉಳಿದುಕೊಂಡಿತು, ಅಂದರೆ ಅಣು ಹೊಡೆಯುತ್ತಿರುವುದು ಸಕ್ರಿಯ ತಾಣಕ್ಕೇ. ಸಲ್ಫಮೇಟ್ ಇಲ್ಲದ, ಕಿಣ್ವವನ್ನು ಬಿಟ್ಟು ಮರಳುವ ಪ್ರತಿಬಂಧಕಗಳು ಈ ಪರೀಕ್ಷೆಯಲ್ಲಿ ಸೊನ್ನೆ ತೋರುತ್ತವೆ, ತೊಳೆದಾಗ ಹೊರಟೇ ಹೋಗುತ್ತವೆ. ಅಂಥವನ್ನು ಹುಡುಕುವವರಿಗೆ ಈ ದಾರಿ ಅಲ್ಲ.

ನಡುವೆ ಒಂದು ಪಕ್ಕದ ಪ್ರಯೋಗ ನನ್ನನ್ನು ಬಹಳ ದಿನ ಎಳೆದುಕೊಂಡು ಹೋಯಿತು. ಸಲ್ಫಮೇಟುಗಳು ಕೆಂಪು ರಕ್ತಕಣದ ಕಾರ್ಬಾನಿಕ್ ಅನ್‌ಹೈಡ್ರೇಸ್ 2ಕ್ಕೆ ಅಂಟಿಕೊಂಡು ಅಲ್ಲೇ ಅಡಗಿರುತ್ತವೆ, ಹಾಗಾಗಿ ಯಕೃತ್ತಿನ ಮೊದಲ ಹೊಡೆತದಿಂದ ಪಾರಾಗುತ್ತವೆ ಎಂಬುದು ಈ ವರ್ಗದ ಸೊಗಸು. ಇಲಿಯ ಪ್ಲಾಸ್ಮಾದಲ್ಲಿ ಇರೋಸುಸ್ಟಾಟ್ ಕೆಲವೇ ಗಂಟೆಗಳಲ್ಲಿ ಕರಗಿಹೋಗುವುದನ್ನೂ, ಅದೇ ಇಲಿಯ ಪೂರ್ಣ ರಕ್ತದಲ್ಲಿ ಹೆಚ್ಚುಕಡಿಮೆ ಹಾಗೇ ಉಳಿಯುವುದನ್ನೂ ನಾನೇ ನೋಡಿದೆ. ಆಮೇಲೆ ಹಸುವಿನ ಕಾರ್ಬಾನಿಕ್ ಅನ್‌ಹೈಡ್ರೇಸ್ ತರಿಸಿ, ಪ್ಯಾರಾ-ನೈಟ್ರೊಫೀನೈಲ್ ಅಸಿಟೇಟಿನೊಂದಿಗೆ ನಮ್ಮ ಸರಣಿಯನ್ನೆಲ್ಲ ಓಡಿಸಿದೆ. ಸಲ್ಫಟೇಸನ್ನು ಚೆನ್ನಾಗಿ ತಡೆದೂ ಈ ಕಿಣ್ವವನ್ನು ಮುಟ್ಟದ ಅಣು ಪ್ಲಾಸ್ಮಾದಲ್ಲಿ ಬೇಗ ಸಾಯುತ್ತದೆಯೇ ಎಂಬ ಕುತೂಹಲ ನನ್ನದು. ನಮ್ಮ ನಾಲ್ಕೈದು ಅಣುಗಳ ಮಟ್ಟಿಗೆ ಹೌದೆನ್ನಬಹುದು, ಹೆಚ್ಚು ಹೇಳುವಷ್ಟು ಸಾಮಗ್ರಿ ಕೈಯಲ್ಲಿಲ್ಲ. ಇದೇ ಓಟದಲ್ಲಿ ಗೊತ್ತಾದ ಇನ್ನೊಂದು ಸಂಗತಿ: ಡಿಎಂಎಸ್ಒ ದ್ರಾವಕದಲ್ಲಿ ಕರಗಿಸಿ ಮೇಜಿನ ಮೇಲೆ ವಾರಗಟ್ಟಲೆ ಇಟ್ಟ ಸಲ್ಫಮೇಟ್ ನಿಧಾನವಾಗಿ ಫೀನಾಲಿಗೆ ತಿರುಗುತ್ತದೆ. ಪುಡಿಯಾಗಿಯೇ ಇಡಿ, ಬೇಕಾದಾಗ ಕರಗಿಸಿ.

ಜೀವಕೋಶದಲ್ಲಿ ನಿಜಕ್ಕೂ ಈಸ್ಟ್ರೋಜನ್ ಇಳಿಯಿತೇ ಎಂದು ತೋರಿಸದೆ ಯಾರೂ ಒಪ್ಪುವುದಿಲ್ಲ, ಒಪ್ಪಲೂಬಾರದು. ಎಂಸಿಎಫ್-7 ಎಂಬ ಸ್ತನ ಕ್ಯಾನ್ಸರ್ ಕೋಶಗಳಿಗೆ ಈಸ್ಟ್ರೋನ್ ಸಲ್ಫೇಟ್ ಕೊಟ್ಟು ಪ್ರತಿಕಾಯದಿಂದ ಅಳೆಯುವ ಎಲೈಸಾ ಕಿಟ್ಟಿನಲ್ಲಿ ಈಸ್ಟ್ರಡಯಾಲ್ ಅಳೆಯಲು ಹೋದದ್ದು ಐವತ್ತು ಸಾವಿರ ರೂಪಾಯಿಯ ನಷ್ಟ; ಪ್ರತಿಕಾಯ ಈಸ್ಟ್ರೋನನ್ನೂ ಹಿಡಿಯುತ್ತಿತ್ತು, ನಾವು ಕೊಡುತ್ತಿದ್ದ ಸಲ್ಫೇಟಿನ ರಾಶಿಯ ಮುಂದೆ ಈಸ್ಟ್ರಡಯಾಲ್ ಲೆಕ್ಕಕ್ಕೇ ಇರಲಿಲ್ಲ. ಡಾನ್ಸೈಲ್ ಕ್ಲೋರೈಡ್ ಅಂಟಿಸಿ, ಅಣುಗಳನ್ನು ಬೇರ್ಪಡಿಸಿ ತೂಗುವ ಎಲ್‌ಸಿ-ಎಂಎಸ್‌ಗೆ ಹಾಕಿದ ಮೇಲೆಯೇ ಚಿತ್ರ ಸ್ಪಷ್ಟವಾದದ್ದು. ಡಾನ್ಸೈಲ್ ಈಸ್ಟ್ರೋನ್ ದ್ರವ್ಯರಾಶಿ 504ರಿಂದ 171ಕ್ಕೆ, ಈಸ್ಟ್ರಡಯಾಲ್ 506ರಿಂದ 171ಕ್ಕೆ ಒಡೆಯುತ್ತದೆ. ಈಸ್ಟ್ರೋನಿನ ಭಾರ ಐಸೊಟೋಪುಗಳು 506ರ ಕಿಟಕಿಯಲ್ಲೂ ಇಣುಕುವುದರಿಂದ ಕಾಲಮ್ಮಿನಲ್ಲೇ ಎರಡನ್ನೂ ಪೂರ್ತಿ ಬೇರ್ಪಡಿಸಬೇಕು. ಸಮಯ ಉಳಿಸಲೆಂದು ಓಟವನ್ನು ಮೂರು ನಿಮಿಷಕ್ಕೆ ಇಳಿಸಿಕೊಡುವ ಸೇವಾ ಪ್ರಯೋಗಶಾಲೆಗಳ ಅಂಕಿಗಳನ್ನು ನಾನು ಸ್ವೀಕರಿಸುವುದಿಲ್ಲ. ಮಾದರಿಗೆ ಸಾವಿರದೈನೂರು ರೂಪಾಯಿ, ಮೇಲೆ ಜಿಎಸ್‌ಟಿ. ಆದ್ದರಿಂದ ತೊಳೆತದ ಪರೀಕ್ಷೆಯಲ್ಲಿ ಐವತ್ತು ನ್ಯಾನೊಮೋಲಾರಿನ ಒಳಗೆ ಬಂದ ಅಣುಗಳು ಮಾತ್ರ ಅಲ್ಲಿಗೆ ಹೋಗುತ್ತವೆ. ಕೋಶಗಳ ಮಾಧ್ಯಮದಲ್ಲಿ ಫೀನಾಲ್ ರೆಡ್ ಇರಬಾರದು, ಸೀರಂ ಇದ್ದಿಲಿನಿಂದ ಸೋಸಿದ್ದಿರಬೇಕು ಎಂದು ನಿಮಗೆ ಹೇಳಬೇಕಾಗಿಲ್ಲ.

ಟ್ರಿಟಿಯಂ ಹಾಕಿದ ಈಸ್ಟ್ರೋನ್ ಸಲ್ಫೇಟಿಗೆ ನನಗೆ ಬಂದಿದ್ದ ದರಪಟ್ಟಿ ಮೂರು ಲಕ್ಷ ದಾಟಿತ್ತು. ಅದಕ್ಕೆ ಪರಮಾಣು ಶಕ್ತಿ ನಿಯಂತ್ರಣ ಮಂಡಳಿಯ ಪರವಾನಗಿ, ಕೌಂಟರ್, ತ್ಯಾಜ್ಯದ ವಿಲೇವಾರಿ ಬೇರೆ. ನನ್ನ ವಿಧಾನದಲ್ಲಿ ಒಂದು ಅಣುವಿನ ಪೂರ್ತಿ ವಕ್ರರೇಖೆಗೆ ಏಳುನೂರು ರೂಪಾಯಿ ಬೀಳುತ್ತದೆ, ಕೆಲಸಗಾರರ ಸಂಬಳ ಬಿಟ್ಟು. ಮಾಡಿ ನೋಡಬೇಕೆನ್ನುವವರು ಮೊದಲ ದಿನ ಮೂರೇ ಕೊಳವೆಗಳಿಂದ ಶುರುಮಾಡಿ: ಒಂದರಲ್ಲಿ ಇರೋಸುಸ್ಟಾಟ್, ಒಂದರಲ್ಲಿ ಅದರ ಫೀನಾಲ್, ಇನ್ನೊಂದರಲ್ಲಿ ಏನೂ ಇಲ್ಲ. ಫೀನಾಲಿನ ಕೊಳವೆ ಖಾಲಿ ಕೊಳವೆಗಿಂತ ನೂರಕ್ಕೆ ಹತ್ತರಷ್ಟು ಹೆಚ್ಚು ಹೊಳೆದರೂ ತೊಳೆತ ಸಾಲದು ಎಂದರ್ಥ. ಅದು ಸರಿಯಾಗುವವರೆಗೆ ಹೊಸ ಅಣುವನ್ನು ಹಾಕಬೇಡಿ.