ಖರ್ಚಿನ ಬಿಲ್ ಪಕ್ಕಕ್ಕಿಟ್ಟು ಲಾಗ್ ಪುಸ್ತಕ ತೆರೆದಾಗ

ಯುದ್ಧವಿಮಾನದ ಎಂಜಿನ್ ಯೋಜನೆಯೊಂದರ ಸರ್ಕಾರಿ ಆಡಿಟ್‌ಗೆ ನನ್ನನ್ನು ಹಾಕಿದಾಗ, ಮೊದಲ ವಾರ ಪೂರ್ತಿ ಖರ್ಚಿನ ಬಿಲ್‌ಗಳನ್ನೇ ನೋಡಿದೆ. ಎಲ್ಲ ಸರಿಯಾಗಿತ್ತು. ಪ್ರಗತಿ ವರದಿಯಲ್ಲಿ ಕೆಲಸ ಶೇಕಡ 80 ಮುಗಿದಿದೆ ಎಂದಿತ್ತು. ಆ 80 ಎಲ್ಲಿಂದ ಬಂತು ಅಂತ ಹುಡುಕಿದೆ. ಮಂಜೂರಾದ ಹಣದಲ್ಲಿ ಅಷ್ಟು ಖರ್ಚಾಗಿತ್ತು, ಅಷ್ಟೇ.

ದುಡ್ಡು ಮುಗಿದರೆ ಎಂಜಿನ್ ಸಿದ್ಧವಾದಂತೆ ಅಲ್ಲ, ಅಲ್ವಾ? ಎಂಜಿನ್ ಕಟ್ಟಿ ಓಡಿಸಿ ನೋಡುವ ಜಾಗ, ಅಂದರೆ ಟೆಸ್ಟ್ ಬೆಡ್‌ನ ಲಾಗ್ ಪುಸ್ತಕ ಕೇಳಿದೆ. ಎಂಜಿನ್ ಎಷ್ಟು ಗಂಟೆ ಓಡಿತು, ಆಫ್ಟರ್‌ಬರ್ನರ್ (ಹಿಂಭಾಗದಲ್ಲಿ ಇನ್ನಷ್ಟು ಇಂಧನ ಉರಿಸಿ ಬಲ ಹೆಚ್ಚಿಸುವ ವ್ಯವಸ್ಥೆ) ಹಾಕಿ ಎಷ್ಟು ಹೊತ್ತು, ಯಾಕೆ ನಿಲ್ಲಿಸಿದರು, ಬಿಚ್ಚಿದಾಗ ಏನು ಕಂಡಿತು, ಎಲ್ಲ ಅದರಲ್ಲಿರುತ್ತದೆ. ಬಿಸಿ ಅನಿಲದ ಹೊಡೆತಕ್ಕೆ ತಿರುಗುವ ಟರ್ಬೈನ್ ಬ್ಲೇಡ್ ಬದಲಿಸಿದ ವಿಷಯ ಮೂರು ಕಡೆ ಸಿಕ್ಕಿತು. ಪ್ರಗತಿ ವರದಿಯಲ್ಲಿ ಒಂದು ಸಾಲೂ ಇರಲಿಲ್ಲ. ಒಬ್ಬ ಎಂಜಿನಿಯರ್ ಕೂರಿಸಿಕೊಂಡು ವಿವರಿಸಿದರು. ಬ್ಲೇಡಿಗೆ ಬಡಿಯುವ ಅನಿಲ, ಆ ಲೋಹ ಕರಗುವ ಮಟ್ಟಕ್ಕಿಂತಲೂ ಜಾಸ್ತಿ ಬಿಸಿ ಇರುತ್ತದೆ. ಬ್ಲೇಡಿನ ಒಳಗೆ ಕೊರೆದ ಸಣ್ಣ ದಾರಿಗಳಲ್ಲಿ ಕಡಿಮೆ ಬಿಸಿಯ ಗಾಳಿ ಹರಿಯುವುದರಿಂದಲೇ ಅದು ಉಳಿಯುತ್ತದೆ. ಅಲ್ಲಿ ಎಡವಿದರೆ ಉಳಿದ ಕೆಲಸವೆಲ್ಲ ಅಲ್ಲೇ ಕಾಯಬೇಕು.

ನೋಡಬೇಕಾದ ಇನ್ನೊಂದು ವಿಷಯ ಎಂಜಿನಿನ ತೂಕ. ದೇಶದಲ್ಲೇ ಯುದ್ಧವಿಮಾನಕ್ಕೆಂದು ರೂಪಿಸಿದ ಕಾವೇರಿ ಎಂಜಿನ್ ಬಗ್ಗೆ ಸರ್ಕಾರದ ಲೆಕ್ಕ ತಪಾಸಿಸುವ ಸಿಎಜಿ ಕೊಟ್ಟ ವರದಿ ಓದಿದ್ದು ಇಲ್ಲಿ ನೆರವಾಯಿತು. 1989ರಲ್ಲಿ 382.81 ಕೋಟಿ ರೂಪಾಯಿಗೆ ಮಂಜೂರಾದ ಯೋಜನೆಯ ಅಂದಾಜು 2,839 ಕೋಟಿಗೆ ಏರಿತ್ತು. ಎಲ್ಲರೂ ಆ ಸಂಖ್ಯೆಯನ್ನೇ ಹೇಳುತ್ತಾರೆ. ನನ್ನ ಕಣ್ಣು ನಿಂತದ್ದು ಬೇರೆ ಕಡೆ: 1,100 ಕಿಲೋ ಇರಬೇಕಾದ ಎಂಜಿನ್ 1,235 ಕಿಲೋ ತೂಗಿತ್ತು. ಹಾಗಾಗಿ ನಾನೂ ಮೂಲ ಬೇಡಿಕೆಯ ತೂಕ, ಒತ್ತುಬಲ (ವಿಮಾನವನ್ನು ಮುಂದಕ್ಕೆ ತಳ್ಳುವ ಬಲ), ಓಡಬೇಕಾದ ಗಂಟೆಗಳನ್ನು ಒಂದೇ ಹಾಳೆಯಲ್ಲಿ ಬರೆದು, ಪಕ್ಕದಲ್ಲಿ ಟೆಸ್ಟಿನಲ್ಲಿ ಸಿಕ್ಕಿದ್ದನ್ನು ಬರೆದೆ. ನಡುವೆ ಬೇಡಿಕೆ ಬದಲಾಗಿದ್ದರೆ ದಿನಾಂಕವನ್ನೂ ಹಾಕಿದೆ. ಎಷ್ಟೋ ಸಲ ತಡ ಶುರುವಾಗುವುದು ಹೀಗೆ ಬೇಡಿಕೆ ಬದಲಾದಾಗಲೇ. ಆಗ ಎಂಜಿನಿಯರ್‌ಗಳನ್ನು ದೂರುವುದು ಅನ್ಯಾಯ.

ಟೆಸ್ಟ್ ಮುಗಿದರೂ ನೆಮ್ಮದಿ ಇಲ್ಲ. 2014ರ ಜೂನ್‌ನಲ್ಲಿ ಅಮೆರಿಕದ ಎಗ್ಲಿನ್ ನೆಲೆಯಲ್ಲಿ ಎಫ್-35 ಯುದ್ಧವಿಮಾನ ಮೇಲೇರಲು ರನ್‌ವೇಯಲ್ಲಿ ಓಡುವಾಗ ಬೆಂಕಿ ಹೊತ್ತಿಕೊಂಡಿತು. ಅದರ ಎಫ್135 ಎಂಜಿನಿನ ಫ್ಯಾನ್ ರೋಟರ್ (ಗಾಳಿ ಒಳಗೆಳೆಯುವ, ತಿರುಗುವ ಭಾಗ) ಪಕ್ಕದ ಭಾಗಕ್ಕೆ ವಿಪರೀತ ಉಜ್ಜಿಕೊಂಡಿತ್ತು. ಅಷ್ಟು ಹೊತ್ತಿಗೆ ಆ ವಿಮಾನಗಳು ಸಾಕಷ್ಟು ಹಾರಿದ್ದವು.

ಕೊನೆಯ ದಿನ ಲಾಗ್ ಪುಸ್ತಕ ಹಿಂದಿರುಗಿಸುವಾಗ ಅದೇ ಎಂಜಿನಿಯರ್ ಕೇಳಿದರು: "ಎತ್ತರದ ಹಾರಾಟದ ಗಾಳಿ, ಒತ್ತಡ ಉಂಟುಮಾಡಿ ಟೆಸ್ಟ್ ಮಾಡುವ ಸೌಲಭ್ಯ ನಮ್ಮಲ್ಲಿಲ್ಲ. ಕೇಳಿ ಕೇಳಿ ಸಾಕಾಗಿದೆ. ಅದನ್ನೂ ಬರೀತೀರಾ ಸರ್?" ಆಡಿಟ್ ವರದಿಯ ಮೊದಲ ಪ್ಯಾರಾ ಅದೇ ಆಯಿತು. ಖರ್ಚಿನ ವಿಷಯ ಮೂರನೇ ಪುಟಕ್ಕೆ ಹೋಯಿತು.