ಯಾರು ಏನನ್ನು ಮುಟ್ಟಬಹುದು: ಯುನಿಕ್ಸ್ ಕಣ್ಣಿನಲ್ಲಿ ನಿಮ್ಮ ಕಂಪ್ಯೂಟರಿನ ಭದ್ರತೆ

ಯುನಿಕ್ಸ್ ಎಂಬ ಆಪರೇಟಿಂಗ್ ಸಿಸ್ಟಂ ಬೆಳೆದದ್ದು ಒಂದೇ ಕಂಪ್ಯೂಟರನ್ನು ಹಲವರು ಹಂಚಿಕೊಂಡು ಬಳಸುತ್ತಿದ್ದ ಕಾಲದಲ್ಲಿ. ಒಬ್ಬರ ಫೈಲಿಗೆ ಇನ್ನೊಬ್ಬರು ಕೈಹಾಕಬಾರದು, ಒಬ್ಬರ ತಪ್ಪಿಗೆ ಇಡೀ ಯಂತ್ರ ಬಲಿಯಾಗಬಾರದು ಎಂಬ ಅಗತ್ಯದಿಂದ ಅದರ ಅನುಮತಿ ವ್ಯವಸ್ಥೆ ಹುಟ್ಟಿತು. ಈಗ ಲ್ಯಾಪ್‌ಟಾಪಿನ ಮುಂದೆ ಕೂರುವವರು ಒಬ್ಬರೇ ಇರಬಹುದು, ಆದರೆ ಅದರೊಳಗೆ ಓಡುವ ಪ್ರೋಗ್ರಾಂಗಳನ್ನು ಬರೆದವರು ಸಾವಿರಾರು ಜನ, ಎಲ್ಲರೂ ನಮಗೆ ಅಪರಿಚಿತರು. ಹಾಗಾಗಿ ಹಳೆಯ ಪ್ರಶ್ನೆ ಹಳತಾಗಿಲ್ಲ: ಇದನ್ನು ಯಾರು ಮುಟ್ಟಬಹುದು? ಭದ್ರತೆಗೆಂದು ಹೊಸ ಸಾಫ್ಟ್‌ವೇರ್ ತಂದು ತುಂಬುವ ಮೊದಲು ಈ ಪ್ರಶ್ನೆಯನ್ನು ಯಂತ್ರದ ಒಂದೊಂದು ಬಾಗಿಲಿಗೂ ಕೇಳಿ. ಕೆಳಗಿನ ವಿವರಗಳು ಯುನಿಕ್ಸ್ ಮಾದರಿಯ ಲಿನಕ್ಸನ್ನು ಮನಸ್ಸಿನಲ್ಲಿಟ್ಟುಕೊಂಡವು. ಬಿಎಸ್‌ಡಿ, ಮ್ಯಾಕ್‌ಒಎಸ್ ಬಳಸುವವರಿಗೂ ಬಹುಪಾಲು ಸಲ್ಲುತ್ತವೆ.

ರೂಟ್ ಖಾತೆ ಮತ್ತು ಸುಡೊ

ರೂಟ್ ಎಂದರೆ ಯಂತ್ರದಲ್ಲಿ ಏನನ್ನು ಬೇಕಾದರೂ ಮಾಡಬಲ್ಲ ಖಾತೆ. ದಿನದ ಕೆಲಸಕ್ಕೆ ಸಾಮಾನ್ಯ ಖಾತೆ ಸಾಕು. ರೂಟ್ ಆಗಿ ಬ್ರೌಸರ್ ತೆರೆಯುವುದು, ಮೇಲ್ ಓದುವುದು ಯಾವ ಕಾರಣಕ್ಕೂ ಬೇಡ. ಒಂದು ಕಮಾಂಡಿಗೆ ಮಾತ್ರ ಅಧಿಕಾರ ಬೇಕಾದಾಗ, ಅದನ್ನು ರೂಟ್ ಆಗಿ ಓಡಿಸುವ ಸುಡೊ ಬಳಸಿ, ಅದು ಪಾಸ್‌ವರ್ಡ್ ಕೇಳಲಿ. ಕಿರಿಕಿರಿ ಎಂದು ಪಾಸ್‌ವರ್ಡ್ ಕೇಳದಂತೆ ಮಾಡಿದರೆ, ನಿಮ್ಮ ಖಾತೆಯೊಳಗೆ ನುಸುಳಿದ ಯಾವ ಸ್ಕ್ರಿಪ್ಟ್ ಆದರೂ ಮರುಕ್ಷಣ ರೂಟ್ ಆಗುತ್ತದೆ.

ಸುಡೊ ನಿಯಮಗಳನ್ನು ಬದಲಿಸಲು ವಿಸುಡೊ ಬಿಟ್ಟು ಬೇರೆ ಎಡಿಟರ್ ಬಳಸಬೇಡಿ. ವಿಸುಡೊ ಉಳಿಸುವ ಮೊದಲು ಬರಹದ ತಪ್ಪನ್ನು ಹುಡುಕುತ್ತದೆ. ಬೇರೆಡೆ ಒಂದು ಅಕ್ಷರ ತಪ್ಪಿದರೆ ಸುಡೊ ಕೆಲಸ ಮಾಡುವುದನ್ನೇ ನಿಲ್ಲಿಸಬಹುದು, ಆಗ ಸರಿಪಡಿಸಲು ಬೇಕಾದ ಸುಡೊವೇ ಕೈಲಿರುವುದಿಲ್ಲ. ಆದ್ದರಿಂದ ಬದಲಾವಣೆ ಮುಗಿದು ಪರೀಕ್ಷೆ ಆಗುವವರೆಗೆ ಇನ್ನೊಂದು ಟರ್ಮಿನಲ್‌ನಲ್ಲಿ ರೂಟ್ ಶೆಲ್ (ರೂಟ್ ಆಗಿ ಕಮಾಂಡ್ ಬರೆಯುವ ಜಾಗ) ತೆರೆದಿಡಿ.

"ಈ ಬಳಕೆದಾರರಿಗೆ ವಿಮ್ ಮಾತ್ರ ರೂಟ್ ಆಗಿ ಓಡಿಸಲು ಬಿಡೋಣ" ಎನ್ನುವ ನಿಯಮ ನೋಡಲು ಬಿಗಿಯಾಗಿದೆ, ನಿಜದಲ್ಲಿ ಪೂರ್ತಿ ಸಡಿಲ. ವಿಮ್ ಫೈಲ್ ತಿದ್ದುವ ಎಡಿಟರ್, ಲೆಸ್ ಫೈಲ್ ಓದುವ ಪ್ರೋಗ್ರಾಂ. ವಿಮ್‌ನ ಒಳಗಿಂದಲೂ ಲೆಸ್‌ನ ಒಳಗಿಂದಲೂ ಆಶ್ಚರ್ಯಸೂಚಕ ಚಿಹ್ನೆ ಒತ್ತಿ ಶೆಲ್ ತೆರೆಯಬಹುದು, ಆ ಶೆಲ್ ರೂಟ್‌ನದೇ. ಫೈಲ್ ತಿದ್ದಲು ಮಾತ್ರ ಅಧಿಕಾರ ಕೊಡಬೇಕಿದ್ದರೆ ಸುಡೊಎಡಿಟ್ ಇದೆ: ಅದು ಫೈಲಿನ ಪ್ರತಿಯನ್ನು ನಿಮ್ಮ ಖಾತೆಯಲ್ಲೇ ತೆರೆದು, ಕೊನೆಗೆ ಜಾಗಕ್ಕೆ ಮರಳಿಸುತ್ತದೆ.

ಸುಡೊ ಕೂಡ ದೊಡ್ಡ ಪ್ರೋಗ್ರಾಂ. 2021ರ ಜನವರಿಯಲ್ಲಿ ಬಯಲಾದ ಅದರ ಒಂದು ದೋಷ 2011ರಿಂದ ಅಲ್ಲೇ ಕೂತಿತ್ತು. ಸಾಮಾನ್ಯ ಬಳಕೆದಾರರು ಅದರಿಂದ ರೂಟ್ ಆಗಬಹುದಿತ್ತು. ಓಪನ್‌ಬಿಎಸ್‌ಡಿ 2015ರಲ್ಲಿ ತಂದ ಡೂಆಸ್ ಇದೇ ಕೆಲಸವನ್ನು ತೀರ ಕಡಿಮೆ ಕೋಡ್‌ನಲ್ಲಿ ಮಾಡುತ್ತದೆ, ಲಿನಕ್ಸ್‌ಗೂ ಸಿಗುತ್ತದೆ. ಒಬ್ಬರೇ ಬಳಸುವ ಯಂತ್ರಕ್ಕೆ ಅದು ಧಾರಾಳ ಸಾಕು.

777 ಔಷಧವಲ್ಲ

ಪ್ರತಿ ಫೈಲಿಗೂ ಮೂರು ಅಂಕಿ: ಮಾಲೀಕರಿಗೆ, ಗುಂಪಿಗೆ, ಉಳಿದವರಿಗೆ. ಓದಲು 4, ಬರೆಯಲು 2, ಓಡಿಸಲು 1. ಕೂಡಿಸಿದರೆ 644 ಎಂದರೆ ಮಾಲೀಕರು ಓದಿ ಬರೆಯಬಹುದು, ಮಿಕ್ಕವರು ಓದಬಹುದು. ಗುಟ್ಟಿನ ಫೈಲಿಗೆ 600, ಗುಟ್ಟಿನ ಫೋಲ್ಡರಿಗೆ 700.

ಎಡವುವುದು ಫೋಲ್ಡರಿನ ವಿಷಯದಲ್ಲಿ. ಫೋಲ್ಡರಿಗೆ "ಓದು" ಎಂದರೆ ಒಳಗಿರುವ ಹೆಸರುಗಳ ಪಟ್ಟಿ ನೋಡುವುದು. "ಓಡಿಸು" ಎಂದರೆ ಅದನ್ನು ದಾಟಿ ಒಳಹೋಗುವುದು. "ಬರೆ" ಎಂದರೆ ಒಳಗೆ ಹೆಸರು ಸೇರಿಸುವುದು, ತೆಗೆಯುವುದು. ಹಾಗಾಗಿ ಒಂದು ಫೈಲನ್ನು ಅಳಿಸಲು ಆ ಫೈಲಿನ ಅನುಮತಿ ಬೇಕಿಲ್ಲ, ಅದಿರುವ ಫೋಲ್ಡರಿಗೆ "ಬರೆ", "ಓಡಿಸು" ಎರಡೂ ಅನುಮತಿ ಇದ್ದರೆ ಆಯಿತು. 444 ಹಾಕಿ ಭದ್ರವಾಗಿದೆ ಎಂದುಕೊಂಡ ಫೈಲ್ ಮಾಯವಾಗುವುದು ಹೀಗೆ. ಎಲ್ಲರೂ ಬರೆಯಬಹುದಾದ ಟೆಂಪ್ ಫೋಲ್ಡರಿಗೆ 1777 ಇರುವುದೂ ಇದಕ್ಕೇ: ಮುಂದಿನ 1 ಸ್ಟಿಕಿ ಬಿಟ್, ಅದಿದ್ದರೆ ಬೇರೆಯವರ ಫೈಲನ್ನು ಅಳಿಸಲು ಆಗದು.

"ಪರ್ಮಿಷನ್ ಡಿನೈಡ್" ಬಂದ ತಕ್ಷಣ 777, ಅಂದರೆ ಎಲ್ಲರಿಗೂ ಎಲ್ಲ ಅನುಮತಿ, ಹಾಕುವ ಸಲಹೆ ಎಲ್ಲೆಡೆ ಸಿಗುತ್ತದೆ. ಅದನ್ನು ಪಾಲಿಸಬೇಡಿ. ತಡೆ ಹೆಚ್ಚಾಗಿ ಫೈಲಿನಲ್ಲಿರದೆ ದಾರಿಯ ಮಧ್ಯದ ಯಾವುದೋ ಫೋಲ್ಡರಿನಲ್ಲಿರುತ್ತದೆ. ಲಿನಕ್ಸ್‌ನಲ್ಲಿ ನೇಮ್‌ಐ ಕಮಾಂಡಿಗೆ -ಎಲ್ ಸೇರಿಸಿ ಪೂರ್ತಿ ದಾರಿ ಕೊಟ್ಟರೆ, ಬೇರಿನಿಂದ ಫೈಲಿನವರೆಗಿನ ಪ್ರತಿ ಮೆಟ್ಟಿಲಿನ ಮಾಲೀಕರು, ಅನುಮತಿ ಸಾಲಾಗಿ ಕಾಣುತ್ತವೆ. ಎಲ್ಲಿ "ಓಡಿಸು" ಇಲ್ಲವೋ ಅದೇ ಜಾಗ.

ಇನ್ನೊಂದು ಅಪಾಯ, ಅನುಮತಿ ಬದಲಿಸುವ ಸಿಎಚ್‌ಮಾಡ್ ಕಮಾಂಡನ್ನು, ಒಳಗಿರುವುದಕ್ಕೆಲ್ಲ ಅನ್ವಯಿಸುವ ದೊಡ್ಡ ಆರ್ ಸೇರಿಸಿ, ಫೋಲ್ಡರಿನ ಮೇಲೆ 644 ಕೊಟ್ಟು ಓಡಿಸುವುದು. ಒಳಗಿನ ಫೋಲ್ಡರುಗಳ "ಓಡಿಸು" ಹೋಗಿ ಯಾವುದರೊಳಗೂ ಕಾಲಿಡಲು ಆಗದಂತಾಗುತ್ತದೆ. ಅಂಕಿಯ ಬದಲು ಅಕ್ಷರ ರೂಪದಲ್ಲಿ ದೊಡ್ಡ ಎಕ್ಸ್ ಬಳಸಿ. ಅದು ಫೋಲ್ಡರುಗಳಿಗೆ ಮತ್ತು ಮೊದಲೇ ಓಡಿಸಬಲ್ಲ ಫೈಲುಗಳಿಗೆ ಮಾತ್ರ ಆ ಅನುಮತಿ ಕೊಡುತ್ತದೆ.

ಇಷ್ಟೆಲ್ಲ ಮಾಡಿದರೂ ಈ ವ್ಯವಸ್ಥೆಗೆ ಒಂದು ಮಿತಿ ಇದೆ. ನೀವು ಓಡಿಸುವ ಪ್ರತಿ ಪ್ರೋಗ್ರಾಂ ನಿಮ್ಮ ಹೆಸರಿನಲ್ಲೇ ಓಡುತ್ತದೆ. ರೂಟ್ ಆಗದೆಯೂ ನಿಮ್ಮ ಫೋಟೊ, ಪತ್ರ, ಕೀಗಳನ್ನೆಲ್ಲ ಓದಬಲ್ಲದು. ಇದಕ್ಕೆ ಹಳೆಯದೇ ಉಪಾಯ: ನಂಬಿಕೆ ಸಾಲದ ಕೆಲಸಗಳಿಗೆ ಇನ್ನೊಂದು ಬಳಕೆದಾರ ಖಾತೆ ತೆರೆದು, ನಿಮ್ಮ ಹೋಮ್ ಫೋಲ್ಡರಿಗೆ 700 ಹಾಕಿಡಿ. ಆ ಖಾತೆಗೆ ಸುಡೊ ಕೊಡಬೇಡಿ. ಲಿನಕ್ಸಿನಲ್ಲಿ ಕಿಟಕಿಗಳನ್ನು ತೋರಿಸುವ ಹಳೆಯ ವ್ಯವಸ್ಥೆಯಾದ ಎಕ್ಸ್11 ಪರದೆಯಲ್ಲಿ ಒಂದು ಕಿಟಕಿಯ ಪ್ರೋಗ್ರಾಂ ಇನ್ನೊಂದರ ಕೀಲಿಮಣೆ ಒತ್ತುಗಳನ್ನು ಕದ್ದು ನೋಡಬಲ್ಲದು ಎಂಬುದೂ ನೆನಪಿರಲಿ. ಎರಡೂ ಖಾತೆಗಳ ಕಿಟಕಿಗಳನ್ನು ಒಂದೇ ಎಕ್ಸ್11 ಪರದೆಯಲ್ಲಿ ತೆರೆದರೆ ಖಾತೆ ಬೇರ್ಪಡಿಸಿದ್ದು ವ್ಯರ್ಥ. ಅದರ ಜಾಗಕ್ಕೆ ಬಂದ ವೇಲ್ಯಾಂಡ್ ಈ ಕಿಂಡಿಯನ್ನು ಮುಚ್ಚಿದೆ.

ಎಸ್‌ಎಸ್‌ಎಚ್: ಪಾಸ್‌ವರ್ಡ್ ತೆಗೆಯಿರಿ, ಆದರೆ ಕ್ರಮ ತಪ್ಪಬೇಡಿ

ಎಸ್‌ಎಸ್‌ಎಚ್ ಎಂದರೆ ದೂರದ ಯಂತ್ರಕ್ಕೆ ನೆಟ್‌ವರ್ಕ್ ಮೂಲಕ ಲಾಗಿನ್ ಆಗುವ ದಾರಿ, ಅದು ಸಾಮಾನ್ಯವಾಗಿ 22ನೇ ಪೋರ್ಟಿನಲ್ಲಿ ಕಾಯುತ್ತದೆ. ಇಂಟರ್ನೆಟ್ಟಿಗೆ ತೆರೆದ 22ನೇ ಪೋರ್ಟಿನ ಮೇಲೆ ಪಾಸ್‌ವರ್ಡ್ ಊಹಿಸುವ ಪ್ರೋಗ್ರಾಂಗಳು ಹಗಲು ರಾತ್ರಿ ಬಡಿಯುತ್ತಿರುತ್ತವೆ. ಪೋರ್ಟ್ ಸಂಖ್ಯೆ ಬದಲಿಸಿದರೆ ಲಾಗ್ ಫೈಲಿನ ಗದ್ದಲ ಕಡಿಮೆಯಾದೀತು, ಅಷ್ಟೇ. ನಿಜವಾದ ಪರಿಹಾರ ಕೀ: ಗುಟ್ಟಾಗಿ ನಿಮ್ಮಲ್ಲೇ ಉಳಿಯುವ ಒಂದು ಫೈಲ್, ಸರ್ವರಿಗೆ ಕೊಡುವ ಅದರ ಸಾರ್ವಜನಿಕ ಜೋಡಿ.

ಮೊದಲು ನಿಮ್ಮ ಯಂತ್ರದಲ್ಲಿ ಎಸ್‌ಎಸ್‌ಎಚ್-ಕೀಜೆನ್ ಓಡಿಸಿ, -ಟಿ ಆಯ್ಕೆಗೆ ಇಡಿ25519 ಕೊಡಿ. 2014ರ ಓಪನ್‌ಎಸ್‌ಎಸ್‌ಎಚ್ 6.5ರಿಂದ ಇದು ಲಭ್ಯ. ಕೀ ಚಿಕ್ಕದು, ವೇಗ ಚೆನ್ನ. ಪಾಸ್‌ಫ್ರೇಸ್ ಕೇಳಿದಾಗ ಖಾಲಿ ಬಿಡಬೇಡಿ. ಕದ್ದ ಲ್ಯಾಪ್‌ಟಾಪಿಗೂ ನಿಮ್ಮ ಸರ್ವರಿಗೂ ನಡುವೆ ಉಳಿಯುವ ಗೋಡೆ ಅದೊಂದೇ ಆಗಿರಬಹುದು. ದಿನವಿಡೀ ಟೈಪ್ ಮಾಡುವ ಕಷ್ಟ ಎಸ್‌ಎಸ್‌ಎಚ್-ಏಜೆಂಟ್ ತಪ್ಪಿಸುತ್ತದೆ.

ನಂತರ ಎಸ್‌ಎಸ್‌ಎಚ್-ಕಾಪಿ-ಐಡಿ ಬಳಸಿ ಸಾರ್ವಜನಿಕ ಕೀಯನ್ನು ಸರ್ವರಿಗೆ ಕಳಿಸಿ, ಹೊಸ ಟರ್ಮಿನಲ್‌ನಿಂದ ಕೀ ಮೂಲಕ ಒಳಹೋಗಿ ನೋಡಿ. ಹಳೆಯ ಸಂಪರ್ಕ ಹಾಗೇ ಇರಲಿ. ಕೀ ಹಿಡಿಯದಿದ್ದರೆ ಮೊದಲ ಅನುಮಾನ ಅನುಮತಿಯ ಮೇಲೆ: ಡಾಟ್ ಎಸ್‌ಎಸ್‌ಎಚ್ ಫೋಲ್ಡರಿಗೆ 700, ಅದರೊಳಗಿನ ಆಥರೈಸ್ಡ್ ಕೀಸ್ ಫೈಲಿಗೆ 600 ಇರಬೇಕು. ಇವೆರಡೂ ಸರಿಯಿದ್ದು ಹೋಮ್ ಫೋಲ್ಡರಿಗೆ ಗುಂಪು ಬರೆಯುವಂತಿದ್ದರೂ ಸರ್ವರ್ ಕೀಯನ್ನು ತಿರಸ್ಕರಿಸಿ ಮತ್ತೆ ಪಾಸ್‌ವರ್ಡ್ ಕೇಳುತ್ತದೆ. ನಿಮ್ಮ ಪರದೆಯಲ್ಲಿ ಕಾರಣ ಕಾಣದು; ಸರ್ವರಿನ ಲಾಗ್‌ನಲ್ಲಿ ಮಾಲೀಕತ್ವ, ಅನುಮತಿ ಸರಿಯಿಲ್ಲ ಎಂಬ ಸಾಲು ಇರುತ್ತದೆ.

ಕೀ ಕೆಲಸ ಮಾಡಿದ ಮೇಲಷ್ಟೇ ಸರ್ವರಿನಲ್ಲಿ ಓಡುವ ಎಸ್‌ಎಸ್‌ಎಚ್‌ಡಿಯ ಸೆಟ್ಟಿಂಗ್ ಫೈಲ್ ತೆರೆಯಿರಿ. ಪಾಸ್‌ವರ್ಡ್ ಆಥೆಂಟಿಕೇಷನ್, ಕೆಬಿಡಿ-ಇಂಟರ್‌ಆ್ಯಕ್ಟಿವ್ ಆಥೆಂಟಿಕೇಷನ್, ಪರ್ಮಿಟ್ ರೂಟ್ ಲಾಗಿನ್ ಮೂರಕ್ಕೂ "ನೋ" ಬರೆಯಿರಿ. ಎರಡನೆಯದನ್ನು ಮರೆತರೆ ಲಾಗಿನ್ ಪರೀಕ್ಷಿಸುವ ವ್ಯವಸ್ಥೆಯಾದ ಪ್ಯಾಮ್ ಮೂಲಕ ಪಾಸ್‌ವರ್ಡ್ ಹಿಂಬಾಗಿಲಿನಿಂದ ಮರಳಬಹುದು. ಎಸ್‌ಎಸ್‌ಎಚ್‌ಡಿ ಕಮಾಂಡಿಗೆ ಸಣ್ಣ -ಟಿ ಕೊಟ್ಟು ಬರಹದ ತಪ್ಪು ಪರೀಕ್ಷಿಸಿ, ಸೇವೆಯನ್ನು ರೀಲೋಡ್ ಮಾಡಿ, ಮತ್ತೊಂದು ಹೊಸ ಕಿಟಕಿಯಿಂದ ಪರೀಕ್ಷಿಸಿ, ಆಮೇಲೆ ಹಳೆಯದನ್ನು ಮುಚ್ಚಿ.

"ನೋ" ಎಂದು ಬರೆದರೂ ಪಾಸ್‌ವರ್ಡ್ ಒಪ್ಪುತ್ತಲೇ ಇದೆಯೇ? ಈ ಸೆಟ್ಟಿಂಗ್‌ನಲ್ಲಿ ಮೊದಲು ಕಂಡ ಮೌಲ್ಯವೇ ಗೆಲ್ಲುತ್ತದೆ, ಕೊನೆಯದಲ್ಲ. ಡೆಬಿಯನ್, ಉಬುಂಟುಗಳಲ್ಲಿ ಮುಖ್ಯ ಫೈಲಿನ ಮೇಲ್ತುದಿಯಲ್ಲೇ ಕಾನ್ಫಿಗ್ ಡಾಟ್ ಡಿ ಫೋಲ್ಡರಿನ ತುಣುಕುಗಳು ಸೇರಿಕೊಳ್ಳುತ್ತವೆ. ಬಾಡಿಗೆ ಸರ್ವರಿನಲ್ಲಿ, ಅದನ್ನು ಮೊದಲ ಸಲ ಸಿದ್ಧಗೊಳಿಸುವ ಕ್ಲೌಡ್-ಇನಿಟ್ ಅಲ್ಲಿ "ಯೆಸ್" ಎಂದು ಬರೆದಿಟ್ಟಿದ್ದರೆ ಕೆಳಗೆ ನೀವು ಬರೆದದ್ದಕ್ಕೆ ಬೆಲೆಯಿಲ್ಲ. ದೊಡ್ಡ -ಟಿ ಕೊಟ್ಟರೆ ನಿಜವಾಗಿ ಜಾರಿಯಲ್ಲಿರುವ ಮೌಲ್ಯಗಳು ಕಾಣುತ್ತವೆ. ನಂಬಬೇಕಾದದ್ದು ಆ ಪಟ್ಟಿಯನ್ನು.

ಮೊದಲ ಸಲ ಸಂಪರ್ಕಿಸುವಾಗ ಫಿಂಗರ್‌ಪ್ರಿಂಟ್ ತೋರಿಸಿ "ಯೆಸ್" ಕೇಳುತ್ತದಲ್ಲ, ಬಹುತೇಕರು ಓದದೆ ಒತ್ತುತ್ತಾರೆ. ಸರ್ವರಿನ ಕನ್ಸೋಲಿನಲ್ಲಿ ಎಸ್‌ಎಸ್‌ಎಚ್-ಕೀಜೆನ್ -ಎಲ್‌ಎಫ್ ಓಡಿಸಿ ಹೋಲಿಸಲು ಅರ್ಧ ನಿಮಿಷ ಸಾಕು. ಮುಂದೊಂದು ದಿನ "ಗುರುತು ಬದಲಾಗಿದೆ" ಎಂಬ ಎಚ್ಚರಿಕೆ ಬಂದರೆ, ಸರ್ವರನ್ನು ಮರುಸ್ಥಾಪಿಸಿದ್ದು ನಿಮಗೆ ಗೊತ್ತಿದ್ದರೆ ಮಾತ್ರ ಹಳೆಯ ಗುರುತನ್ನು ತೆಗೆಯಿರಿ. ಒಂದು ಸರ್ವರ್ ದಾಟಿ ಇನ್ನೊಂದಕ್ಕೆ ಹೋಗಬೇಕಿದ್ದರೆ ನಿಮ್ಮ ಏಜೆಂಟನ್ನು ನಡುವಿನ ಯಂತ್ರಕ್ಕೂ ತಲುಪಿಸುವ ಏಜೆಂಟ್ ಫಾರ್ವರ್ಡಿಂಗ್ ಬೇಡ; ನಡುವಿನ ಯಂತ್ರದಲ್ಲಿ ರೂಟ್ ಆಗಿರುವವರು ಆ ಹೊತ್ತಿನಲ್ಲಿ ನಿಮ್ಮ ಕೀಯನ್ನು ಬಳಸಬಲ್ಲರು. ದೊಡ್ಡ ಜೆ ಆಯ್ಕೆ, ಅಂದರೆ ಪ್ರಾಕ್ಸಿಜಂಪ್, ಆ ಅಪಾಯವಿಲ್ಲದೆ ದಾಟಿಸುತ್ತದೆ.

ಕಿವಿಗೊಟ್ಟು ಕೂತಿರುವವರು

ಲಿನಕ್ಸ್‌ನಲ್ಲಿ ಎಸ್‌ಎಸ್ ಎಂಬ ಕಮಾಂಡಿಗೆ -ಟಿಎಲ್‌ಎನ್‌ಪಿ ಸೇರಿಸಿ ರೂಟ್ ಆಗಿ ಓಡಿಸಿ. ಟಿಸಿಪಿ ಸಂಪರ್ಕಕ್ಕೆ ಕಾದಿರುವ ಪ್ರತಿ ಪ್ರೋಗ್ರಾಂ ಸಾಲಾಗಿ ಬರುತ್ತದೆ. ವಿಳಾಸ 127.0.0.1 ಇದ್ದರೆ ಅದು ಈ ಯಂತ್ರದೊಳಗಿನವರಿಗೆ ಮಾತ್ರ, 0.0.0.0 ಇದ್ದರೆ ನೆಟ್‌ವರ್ಕಿನಲ್ಲಿ ಬಂದವರಿಗೆಲ್ಲ. ಒಂದೊಂದು ಸಾಲಿನ ಮುಂದೆಯೂ ನಿಂತು, ಇದು ಏಕೆ ಬೇಕು ಎಂದು ಕೇಳಿ. ಬೇಡದ ಸೇವೆಯನ್ನು ನಿಲ್ಲಿಸಿ, ಡೇಟಾಬೇಸಿನಂಥವನ್ನು 127.0.0.1ಕ್ಕೆ ಕಟ್ಟಿ. ಫೈರ್‌ವಾಲ್ ಇದರ ನಂತರದ ಮಾತು. ದೂರದ ಸರ್ವರಿನಲ್ಲಿ ಅದನ್ನು ಹಚ್ಚುವ ಮೊದಲು 22ನೇ ಪೋರ್ಟಿಗೆ ಅನುಮತಿ ಕೊಡಿ, ಇಲ್ಲದಿದ್ದರೆ ಹೊರಗುಳಿಯುವುದು ನೀವೇ. ಪ್ರೋಗ್ರಾಂಗಳನ್ನು ಕಂಟೇನರಿನಲ್ಲಿ ಓಡಿಸುವ ಡಾಕರ್ ಹೊರಗೆ ತೆರೆಯುವ ಪೋರ್ಟುಗಳು ಯುಎಫ್‌ಡಬ್ಲ್ಯೂ ಎಂಬ ಫೈರ್‌ವಾಲ್‌ನ ನಿಯಮಗಳಿಗೆ ಸಿಗದೆ ಪಕ್ಕದಿಂದ ದಾಟುತ್ತವೆ, ಆದ್ದರಿಂದ ಪೋರ್ಟ್ ಕೊಡುವಾಗಲೇ 127.0.0.1 ಎಂದು ನಮೂದಿಸಿ.

ಸಾಫ್ಟ್‌ವೇರ್ ಎಲ್ಲಿಂದ ಬರುತ್ತದೆ

ನಿಮ್ಮ ಲಿನಕ್ಸ್ ವಿತರಣೆಯ (ಡೆಬಿಯನ್, ಉಬುಂಟು ಥರದ್ದು) ಪ್ಯಾಕೇಜ್ ಮ್ಯಾನೇಜರಿನಲ್ಲಿ ಸಿಗುವುದನ್ನು ಅಲ್ಲಿಂದಲೇ ಹಾಕಿ; ಸಹಿ ಪರೀಕ್ಷೆ, ಅಪ್‌ಡೇಟ್ ಎರಡೂ ಒಟ್ಟಿಗೆ ಬರುತ್ತವೆ. ಕರ್ಲ್‌ನಿಂದ ಇಳಿಸಿದ ಸ್ಕ್ರಿಪ್ಟನ್ನು ಪೈಪ್ ಮೂಲಕ ನೇರ ಶೆಲ್‌ಗೆ ಸುರಿಯುವ ಪದ್ಧತಿ ಕೆಟ್ಟದ್ದು. ಏನು ಓಡಿತು ಎಂಬುದಕ್ಕೆ ಪ್ರತಿ ಉಳಿಯುವುದಿಲ್ಲ, ಮೇಲಾಗಿ ಸಂಪರ್ಕ ನಡುವೆ ಕಡಿದರೆ ಅರ್ಧ ಸಾಲೇ ಓಡಿಬಿಡಬಹುದು. ಅಳಿಸುವ ಕಮಾಂಡಿನ ದಾರಿ ಅರ್ಧಕ್ಕೆ ತುಂಡಾದರೆ ಏನಾದೀತು ಯೋಚಿಸಿ. ಫೈಲಿಗೆ ಇಳಿಸಿ, ಓದಿ, ಆಮೇಲೆ ಓಡಿಸಿ.

ಭದ್ರತಾ ಅಪ್‌ಡೇಟನ್ನು ತಡ ಮಾಡಬೇಡಿ, ಆದರೆ ಹೊಸ ಆವೃತ್ತಿಯ ಹಿಂದೆ ಓಡುವುದೂ ಬೇಡ. 2024ರ ಮಾರ್ಚ್‌ನಲ್ಲಿ ಎಕ್ಸ್‌ಝಡ್ ಸಂಕೋಚನ ಲೈಬ್ರರಿಯ 5.6.0, 5.6.1 ಆವೃತ್ತಿಗಳಲ್ಲಿ ಹಿಂಬಾಗಿಲು ಅಡಗಿರುವುದು ಪತ್ತೆಯಾಯಿತು. ಎಸ್‌ಎಸ್‌ಎಚ್ ಲಾಗಿನ್ ಅರ್ಧ ಸೆಕೆಂಡಿನಷ್ಟು ನಿಧಾನವಾದದ್ದನ್ನು ಆಂಡ್ರೆಸ್ ಫ್ರಾಯಂಡ್ ಎಂಬ ಡೆವಲಪರ್ ಬೆನ್ನು ಹತ್ತಿದ್ದರಿಂದ ಅದು ಹೊರಬಂತು. ಡೆಬಿಯನ್‌ನ ಸ್ಥಿರ ಆವೃತ್ತಿಯಂಥವನ್ನು ಬಳಸುತ್ತಿದ್ದವರನ್ನು ಅದು ತಲುಪಿರಲೇ ಇಲ್ಲ.

ಅಪ್‌ಡೇಟ್ ಹಾಕಿದ ಮಾತ್ರಕ್ಕೆ ಮುಗಿಯದು. ಓಡುತ್ತಿರುವ ಪ್ರೋಗ್ರಾಂ ಹಳೆಯ ಲೈಬ್ರರಿಯನ್ನೇ ಮೆಮೊರಿಯಲ್ಲಿ ಹಿಡಿದಿರುತ್ತದೆ. ನೀಡ್‌ರೀಸ್ಟಾರ್ಟ್ ಯಾವುದನ್ನು ಮರುಶುರು ಮಾಡಬೇಕೆಂದು ಹೇಳುತ್ತದೆ. ಕರ್ನಲ್ ಬದಲಾದರೆ ರೀಬೂಟ್ ಮಾಡಿ.

ಪಾಸ್‌ವರ್ಡ್ ಬಗ್ಗೆ ಎರಡೇ ಮಾತು. ಪಾಸ್‌ವರ್ಡ್ ಮ್ಯಾನೇಜರ್ ಬಳಸಿ, ಅದರ ಬಾಗಿಲಿಗೆ ದಾಳ ಉರುಳಿಸಿ ಆರಿಸಿದ ಆರು ಪದಗಳನ್ನಿಡಿ: 7776 ಪದಗಳ ಪಟ್ಟಿಯಿಂದ ಆರು ಎಂದರೆ, ಊಹಿಸುವ ಕಷ್ಟದ ಅಳತೆಯಲ್ಲಿ, ಸುಮಾರು 77 ಬಿಟ್. ಮತ್ತು ಕಮಾಂಡಿನ ಸಾಲಿನಲ್ಲಿ ಪಾಸ್‌ವರ್ಡ್ ಬರೆಯಬೇಡಿ. ಅದು ಹಿಸ್ಟರಿ ಫೈಲಿನಲ್ಲಿ ಉಳಿಯುತ್ತದೆ, ಓಡುವಾಗ, ಓಡುತ್ತಿರುವ ಪ್ರೋಗ್ರಾಂಗಳನ್ನು ತೋರಿಸುವ ಪಿಎಸ್ ಪಟ್ಟಿಯಲ್ಲಿ ಇತರರಿಗೂ ಕಾಣಬಹುದು.

ಬ್ಯಾಕಪ್‌ಗೂ ಅದೇ ಪ್ರಶ್ನೆ

ಫೋಲ್ಡರುಗಳನ್ನು ನಕಲಿಸುವ ಆರ್‌ಸಿಂಕ್‌ನಲ್ಲಿ ಮೂಲ ಫೋಲ್ಡರಿನ ಕೊನೆಗೆ ಓರೆಗೆರೆ ಇದ್ದರೆ ಒಳಗಿರುವುದು ಮಾತ್ರ ನಕಲಾಗುತ್ತದೆ, ಇಲ್ಲದಿದ್ದರೆ ಫೋಲ್ಡರೂ ಸೇರಿ. ಡಿಲೀಟ್ ಆಯ್ಕೆಯ ಜೊತೆ ಇದನ್ನು ತಪ್ಪಿದರೆ ಹಳೆಯ ಬ್ಯಾಕಪ್ ಒರೆಸಿಹೋಗಬಹುದು. ಮೊದಲು -ಎನ್ ಸೇರಿಸಿ ಓಡಿಸಿ, ಏನಾಗಲಿದೆ ಎಂಬ ಪಟ್ಟಿ ಓದಿ. ಅಷ್ಟಾದರೂ ಅದು ಕನ್ನಡಿ ಮಾತ್ರ: ಇಂದು ಅಳಿಸಿದ ಫೈಲ್ ನಾಳೆ ಅಲ್ಲೂ ಇರದು. ಹಿಂದಿನ ದಿನಗಳ ಸ್ಥಿತಿ ಬೇಕಿದ್ದರೆ ಬೋರ್ಗ್ ಅಥವಾ ರೆಸ್ಟಿಕ್ ಬಳಸಿ. ಎರಡೂ ಗೂಢಲಿಪಿಯಲ್ಲಿ ಉಳಿಸಬಲ್ಲವು.

ಸದಾ ಜೋಡಿಸಿರುವ ಬ್ಯಾಕಪ್ ಡಿಸ್ಕನ್ನು ನಿಮ್ಮ ಖಾತೆ ಬರೆಯಬಲ್ಲದಾದರೆ, ಆ ಖಾತೆಗೆ ಹೊಕ್ಕ ದುಷ್ಟ ಪ್ರೋಗ್ರಾಂ ಕೂಡ ಬರೆಯಬಲ್ಲದು. ಸಾಧ್ಯವಿದ್ದರೆ ಬ್ಯಾಕಪ್ ಯಂತ್ರವೇ ಬಂದು ಎಳೆದುಕೊಳ್ಳಲಿ, ನಿಮ್ಮ ಯಂತ್ರಕ್ಕೆ ಅದರ ಕೀ ಬೇಡ. ಇಲ್ಲವಾದರೆ ಕೆಲಸ ಮುಗಿದ ಮೇಲೆ ಡಿಸ್ಕನ್ನು ಕಳಚಿಡಿ. ತಿಂಗಳಿಗೊಮ್ಮೆ ಯಾವುದಾದರೂ ಒಂದು ಫೋಲ್ಡರನ್ನು ಬೇರೆ ಜಾಗಕ್ಕೆ ಮರಳಿಸಿ, ಡಿಫ್ -ಆರ್ ಓಡಿಸಿ ಮೂಲದೊಂದಿಗೆ ಹೋಲಿಸಿ. ಬ್ಯಾಕಪ್‌ನ ಪಾಸ್‌ಫ್ರೇಸ್ ಆ ಯಂತ್ರದಲ್ಲಷ್ಟೇ ಇದ್ದರೆ ಯಂತ್ರ ಹೋದ ದಿನ ಬ್ಯಾಕಪ್ ಕೂಡ ತೆರೆಯದು. ಅದನ್ನು ಕಾಗದದ ಮೇಲೆ ಬರೆದು ಬೇರೆ ಕಡೆ ಇಡಿ.