ಉಬುಂಟು ಅಪ್‌ಗ್ರೇಡ್ ಆದ ಮೇಲೆ ಕನ್ನಡ ಟೈಪಿಂಗ್ ಸರಿ ಮಾಡಿಕೊಂಡಿದ್ದು

ದಾವಣಗೆರೆಯ ಮಂಡಿಪೇಟೆ ಹತ್ತಿರ ನಮ್ಮದೊಂದು ಡಿಟಿಪಿ ಅಂಗಡಿ. ಲಗ್ನಪತ್ರಿಕೆ, ಬಿಲ್ ಬುಕ್, ಜಾತ್ರೆಯ ಕರಪತ್ರ, ಕಚೇರಿಗೆ ಕೊಡುವ ಅರ್ಜಿ, ಹೀಗೆ ದಿನವಿಡೀ ಕನ್ನಡ ಟೈಪಿಂಗ್ ಕೆಲಸ. ಕಂಪ್ಯೂಟರ್‌ಗಳಲ್ಲೆಲ್ಲ ಉಬುಂಟು ಅನ್ನುವ ಆಪರೇಟಿಂಗ್ ಸಿಸ್ಟಂ ಇದೆ. ಅದರ 22.04 ಆವೃತ್ತಿಯಿಂದ 24.04ಕ್ಕೆ ಅಪ್‌ಗ್ರೇಡ್ ಮಾಡಿದೆವು. ಪರದೆ ಚೆನ್ನಾಗಿ ಬಂತು, ಪ್ರಿಂಟರ್ ಓಡಿತು, ಕೀಬೋರ್ಡ್ ಮಾತ್ರ ಒಂದೊಂದು ಕಂಪ್ಯೂಟರಿನಲ್ಲಿ ಒಂದೊಂದು ತರ ಆಡತೊಡಗಿತು.

ಇಂಥ ಹೊತ್ತಲ್ಲಿ ಸಿಸ್ಟಮ್ಮನ್ನೇ ಹೊಸದಾಗಿ ಹಾಕಿಬಿಡಿ ಅನ್ನುವವರು ಜಾಸ್ತಿ. ನಾನು ಅದಕ್ಕೆ ಒಪ್ಪುವುದಿಲ್ಲ. ಕೀ ಒತ್ತಿದ ಮೇಲೆ ಅಕ್ಷರ ಪರದೆಗೆ ಬರುವಷ್ಟರಲ್ಲಿ ನಾಲ್ಕು ಹಂತ ದಾಟುತ್ತದೆ. ಮೊದಲು ಸಿಸ್ಟಮ್ಮಿನ ತಿರುಳಾದ ಕರ್ನಲ್ ಕೀಯನ್ನು ಗುರುತಿಸುತ್ತದೆ. ಆಮೇಲೆ ಎಕ್ಸ್‌ಕೆಬಿ ಎಂಬ ಭಾಗ ಆ ಕೀಗೆ ಯಾವ ಅಕ್ಷರ ಅಂತ ಹೇಳುತ್ತದೆ. ಅಲ್ಲಿಂದ ಐಬಸ್ ಅದನ್ನು ಕನ್ನಡವಾಗಿ ಜೋಡಿಸುತ್ತದೆ. ಕೊನೆಗೆ ನಾವು ತೆರೆದಿರುವ ಪ್ರೋಗ್ರಾಂ ಅದನ್ನು ತೆಗೆದುಕೊಳ್ಳುತ್ತದೆ. ಭದ್ರಾ ನಾಲೆಯ ಕೊನೆಯ ಗದ್ದೆಗೆ ನೀರು ಬರದಿದ್ದರೆ ತೂಬಿನಿಂದ ತೂಬಿಗೆ ನೋಡುತ್ತಾ ಹೋಗುತ್ತಾರಲ್ಲ, ಇಲ್ಲೂ ಹಾಗೇ ನೋಡಬೇಕು.

ಮೊದಲ ಹಂತ ನೋಡಲು ಕಂಟ್ರೋಲ್, ಆಲ್ಟ್, ಎಫ್3 ಒಟ್ಟಿಗೆ ಒತ್ತಿ. ಕಪ್ಪು ಪರದೆ ಬರುತ್ತದೆ. ಅಲ್ಲಿ ಲಾಗಿನ್ ಹೆಸರು ಟೈಪ್ ಆದರೆ ಕೀಬೋರ್ಡು, ಕೇಬಲ್ಲು, ಕರ್ನಲ್ಲು ಮೂರೂ ಸರಿ ಇವೆ ಅಂತ ಅರ್ಥ. ಇನ್ನೂ ಅನುಮಾನ ಇದ್ದರೆ ಟರ್ಮಿನಲ್‌ನಲ್ಲಿ ಸುಡೋ (ಅಡ್ಮಿನ್ ಅಧಿಕಾರ ಕೊಡುವ ಆದೇಶ) ಜೊತೆ 'ಲಿಬ್‌ಇನ್‌ಪುಟ್ ಡಿಬಗ್-ಇವೆಂಟ್ಸ್' ಓಡಿಸಿ. ಒತ್ತಿದ ಪ್ರತಿ ಕೀಗೂ ಒಂದು ಸಾಲು ಬೀಳುತ್ತದೆ. ಪಾಸ್‌ವರ್ಡ್ ಬಯಲಾಗಬಾರದು ಅಂತ ಅಕ್ಷರದ ಹೆಸರನ್ನು ಅದು ಮುಚ್ಚಿಡುತ್ತದೆ. ಹೆಸರೂ ಬೇಕಿದ್ದರೆ 'ಶೋ-ಕೀಕೋಡ್ಸ್' ಆಯ್ಕೆ ಸೇರಿಸಬೇಕು. ನಮ್ಮಲ್ಲಿ ಎಲ್ಲ ಕಂಪ್ಯೂಟರೂ ಈ ಹಂತ ದಾಟಿದವು.

ಹೆಚ್ಚು ತಲೆ ತಿಂದಿದ್ದು ಮುಂಗಟ್ಟೆಯ ಕಂಪ್ಯೂಟರ್. ಅಲ್ಲಿ ಟೈಪ್ ಮಾಡುವ ಹುಡುಗಿ ಕರೆದು, "ಅಣ್ಣಾ, 'ಕಿ' ಹೊಡೆದ್ರೆ 'ಕ' ಬ್ಯಾರೆ 'ಇ' ಬ್ಯಾರೆ ಬರ್ತಾವೆ ನೋಡ್ರಿ" ಅಂದಳು. ಅವಳು ಕಲಿತಿದ್ದು ಕನ್ನಡ ಗಣಕ ಪರಿಷತ್ತಿನ (ಕಗಪ, ಇಂಗ್ಲಿಷಿನಲ್ಲಿ ಕೆಜಿಪಿ) ಕೀಬೋರ್ಡ್ ವಿನ್ಯಾಸ, ಅಂದರೆ ನುಡಿ ತಂತ್ರಾಂಶದಲ್ಲಿ ಇರುವಂಥದ್ದು. ನಮ್ಮ ಕಡೆ ಟೈಪಿಂಗ್ ಕಲಿತವರ ಬೆರಳು ಹೊಂದಿಕೊಂಡಿರುವುದೇ ಅದಕ್ಕೆ. ಸೆಟ್ಟಿಂಗ್ಸ್ ತೆರೆದರೆ ಪಟ್ಟಿಯಲ್ಲಿ ಕನ್ನಡ ಕಗಪ ಅಂತಲೇ ಇತ್ತು. ಮೇಲ್ನೋಟಕ್ಕೆ ಎಲ್ಲ ಸರಿ.

ಒಂದೇ ತರದ ಹೆಸರಲ್ಲಿ ಅಲ್ಲಿ ಎರಡು ಬೇರೆ ವಸ್ತು ಇವೆ. ಒಂದು ಎಕ್ಸ್‌ಕೆಬಿಯ ಕಗಪ. ಅದಕ್ಕೆ ಹಿಂದಿನ ಅಕ್ಷರ ಯಾವುದು ಅಂತ ಗೊತ್ತಾಗುವುದಿಲ್ಲ. ಒಂದು ಕೀ ಒತ್ತಿದರೆ ಒಂದು ಚಿಹ್ನೆ, ಅಷ್ಟೇ. ಇನ್ನೊಂದು ಐಬಸ್ ಕೆಳಗೆ ಓಡುವ, ಅಕ್ಷರ ಜೋಡಿಸುವ ಎಂ17ಎನ್ ಎಂಜಿನ್‌ನ ಕೆಜಿಪಿ. ಅದು ಹಿಂದಿನ ಅಕ್ಷರ ನೋಡುತ್ತದೆ. ವ್ಯಂಜನ ಆದ ಮೇಲೆ ಇಂಗ್ಲಿಷ್ ಐ ಅಕ್ಷರದ ಕೀ ಒತ್ತಿದರೆ ಗುಣಿತ ಕೊಡುತ್ತದೆ, ಪದದ ಶುರುವಿನಲ್ಲಿ ಒತ್ತಿದರೆ 'ಇ' ಕೊಡುತ್ತದೆ. ನಮಗೆ ಬೇಕಿದ್ದದ್ದು ಇದು. ಕಂಪ್ಯೂಟರಿನಲ್ಲಿ ಇದ್ದದ್ದು ಮೊದಲನೆಯದು.

ಆ ಕೆಜಿಪಿ ಎಲ್ಲಿ ಹೋಯಿತು ಅಂತ ಹುಡುಕಲು ಊಹೆ ಬೇಕಿಲ್ಲ. ವಾರ್ ಫೋಲ್ಡರಿನ ಲಾಗ್ ಒಳಗೆ ಆಪ್ಟ್ (ಪ್ಯಾಕೇಜ್ ಹಾಕುವ, ತೆಗೆಯುವ ಸಾಧನ) ಅನ್ನುವ ಫೋಲ್ಡರ್ ಇದೆ, ಅದರಲ್ಲಿ ಹಿಸ್ಟರಿ ಫೈಲ್ ಇರುತ್ತದೆ. ಯಾವ ಪ್ಯಾಕೇಜ್ ಬಂತು, ಯಾವುದು ಹೋಯಿತು, ಎಲ್ಲ ದಾಖಲಾಗಿರುತ್ತದೆ. 'ಐಬಸ್-ಎಂ17ಎನ್' ತೆಗೆದುಹಾಕಿದ ಸಾಲು ಅಲ್ಲೇ ಸಿಕ್ಕಿತು. ಎಂಜಿನ್ ಇಲ್ಲದ ಮೇಲೆ ಪಟ್ಟಿಯಲ್ಲಿ ಅದರ ಹೆಸರೂ ಬರುವುದಿಲ್ಲ ಅಲ್ವಾ? ಹೆಸರು ಹೋಲುತ್ತದೆ ಅಂತ ಎಕ್ಸ್‌ಕೆಬಿಯದ್ದನ್ನು ಆರಿಸಿಕೊಂಡಿದ್ದರು. ಆಪ್ಟ್‌ನಿಂದ 'ಐಬಸ್-ಎಂ17ಎನ್' ಮತ್ತು 'ಎಂ17ಎನ್-ಡಿಬಿ' ಎರಡನ್ನೂ ಹಾಕಿದೆ. 'ಐಬಸ್ ರೀಸ್ಟಾರ್ಟ್' ಕೊಟ್ಟೆ. 'ಐಬಸ್ ಲಿಸ್ಟ್-ಎಂಜಿನ್' ಓಡಿಸಿ ಕೆಜಿಪಿ ಬಂದಿದೆಯಾ ಅಂತ ನೋಡಿಕೊಂಡು ಸೆಟ್ಟಿಂಗ್ಸ್‌ನಲ್ಲಿ ಸೇರಿಸಿದೆ. ಹಳೆಯ ಕಗಪವನ್ನು ಪಟ್ಟಿಯಿಂದ ತೆಗೆದೇಬಿಟ್ಟೆ. ಇಲ್ಲದಿದ್ದರೆ ಸೂಪರ್ ಮತ್ತು ಸ್ಪೇಸ್ ಒತ್ತಿ ಭಾಷೆ ಬದಲಿಸುವಾಗ ಮತ್ತೆ ಅದೇ ಗೊಂದಲ.

"ಹೊಸ ವಿನ್ಯಾಸವನ್ನೇ ರೂಢಿ ಮಾಡ್ಕೊಳ್ಳಿ" ಅಂತ ಸಲಹೆ ಕೊಟ್ಟವರೂ ಇದ್ದರು. ವರ್ಷಗಟ್ಟಲೆ ನೋಡದೆ ಟೈಪ್ ಮಾಡುವ ಕೈಗೆ ಹಾಗೆ ಹೇಳುವುದು ಅನ್ಯಾಯ. ಅವಳ ವೇಗವೇ ಅವಳ ಸಂಪಾದನೆ. ಕಂಪ್ಯೂಟರೇ ಬೆರಳಿಗೆ ಹೊಂದಿಕೊಳ್ಳಬೇಕು.

ಎರಡನೇ ಕಂಪ್ಯೂಟರಿನಲ್ಲಿ ಟೆಕ್ಸ್ಟ್ ಎಡಿಟರ್ ಕನ್ನಡ ತೆಗೆದುಕೊಳ್ಳುತ್ತಿತ್ತು, ಪುಟ ವಿನ್ಯಾಸದ ಸ್ಕ್ರೈಬಸ್ ಮಾತ್ರ ಇಂಗ್ಲಿಷನ್ನೇ ಕೊಡುತ್ತಿತ್ತು. ಒಂದು ಪ್ರೋಗ್ರಾಂನಲ್ಲಿ ಬಂದು ಇನ್ನೊಂದರಲ್ಲಿ ಬಾರದಿದ್ದರೆ ತೊಂದರೆ ಕೊನೆಯ ಹಂತದ್ದು. ಸ್ಕ್ರೈಬಸ್ ಕ್ಯೂಟಿ ಎಂಬ ತಂತ್ರಾಂಶ ಚೌಕಟ್ಟಿನ ಮೇಲೆ ನಿಂತಿದೆ. ಕ್ಯೂಟಿ ಪ್ರೋಗ್ರಾಂಗಳು ಯಾವ ಇನ್‌ಪುಟ್ ಮೆಥಡ್ ಬಳಸಬೇಕು ಅನ್ನುವುದನ್ನು 'ಕ್ಯೂಟಿ ಐಎಂ ಮಾಡ್ಯೂಲ್' ಎಂಬ ಎನ್ವಿರಾನ್‌ಮೆಂಟ್ ವೇರಿಯಬಲ್‌ನಿಂದ ತಿಳಿಯುತ್ತವೆ. ಎಕೋ ಕೊಟ್ಟು ನೋಡಿದರೆ ಐಬಸ್ ಬದಲು ಅದರಂಥದ್ದೇ ಇನ್ನೊಂದಾದ ಎಫ್‌ಸಿಐಟಿಎಕ್ಸ್ ಹೆಸರಿತ್ತು. ಯಾವತ್ತೋ ಅದನ್ನು ಹಾಕಿ ನೋಡಿದಾಗಿನ ಸಾಲು, ಹೋಮ್ ಫೋಲ್ಡರಿನ ಚುಕ್ಕೆ ಎಕ್ಸ್‌ಇನ್‌ಪುಟ್‌ಆರ್‌ಸಿ ಫೈಲ್‌ನಲ್ಲಿ ಹಾಗೇ ಉಳಿದಿತ್ತು. ಅಪ್‌ಗ್ರೇಡ್ ನಮ್ಮ ಹೋಮ್ ಫೋಲ್ಡರಿನ ಇಂಥ ಫೈಲ್ ಮುಟ್ಟುವುದಿಲ್ಲ. 'ಐಎಂ-ಕಾನ್ಫಿಗ್' ಮುಂದೆ ಎನ್ ಆಯ್ಕೆ, ಅದರ ಮುಂದೆ ಐಬಸ್ ಅಂತ ಕೊಟ್ಟು, ಲಾಗ್‌ಔಟ್ ಆಗಿ ಮತ್ತೆ ಒಳಗೆ ಬಂದರೆ ಸರಿಹೋಯಿತು. ಲಾಗ್‌ಔಟ್ ಬಿಡಬೇಡಿ. ತೆರೆದೇ ಇರುವ ಪ್ರೋಗ್ರಾಂಗೆ ಹೊಸ ಸೆಟ್ಟಿಂಗ್ ತಲುಪುವುದಿಲ್ಲ.

ಇನ್ನೊಂದರಲ್ಲಿ ಕೀಯನ್ನು ಒತ್ತಿ ಹಿಡಿದರೆ ಮಾತ್ರ ಅಕ್ಷರ ಬೀಳುತ್ತಿತ್ತು. ಇದಕ್ಕೂ ಪ್ಯಾಕೇಜಿಗೂ ಸಂಬಂಧವಿಲ್ಲ. ಆಕ್ಸೆಸಿಬಿಲಿಟಿಯಲ್ಲಿ ಸ್ಲೋ ಕೀಸ್ ಆನ್ ಆಗಿತ್ತು. ಕೀಬೋರ್ಡಿನಿಂದಲೇ ಇದನ್ನು ಆನ್ ಮಾಡಬಹುದು ಅನ್ನುವ ಸೆಟ್ಟಿಂಗ್ ಇದ್ದರೆ, ಶಿಫ್ಟ್ ಕೀಯನ್ನು 8 ಸೆಕೆಂಡ್ ಹಿಡಿದರೆ ಸಾಕು. ಶಿಫ್ಟನ್ನು 5 ಸಲ ಒತ್ತಿದರೆ ಸ್ಟಿಕಿ ಕೀಸ್ (ಶಿಫ್ಟ್‌ನಂಥ ಕೀಯನ್ನು ಬಿಟ್ಟರೂ ಒತ್ತಿದಂತೆಯೇ ಇರಿಸುವ ಸೌಲಭ್ಯ) ಆನ್ ಆಗುತ್ತದೆ. ಕಗಪ ವಿನ್ಯಾಸದಲ್ಲಿ ಮಹಾಪ್ರಾಣಕ್ಕೆಲ್ಲ ಶಿಫ್ಟ್ ಬೇಕು. ಮುಂದಿನ ಪದ ಯೋಚಿಸುತ್ತಾ ಬೆರಳು ಅಲ್ಲೇ ನಿಲ್ಲುತ್ತದೆ. ಹಾಗಾಗಿ ಕನ್ನಡ ಟೈಪ್ ಮಾಡುವವರು ಆ ಸೆಟ್ಟಿಂಗ್ ಆಫ್ ಇಡುವುದು ಒಳ್ಳೆಯದು.

ಲಾಗಿನ್ ಪರದೆಯಲ್ಲೇ ಕೀಬೋರ್ಡ್ ಪೂರಾ ಸತ್ತಿದ್ದರೆ ದಾರಿ ಬೇರೆ. ಬೂಟ್ ಮೆನುವಿನ ಅಡ್ವಾನ್ಸ್ಡ್ ಆಯ್ಕೆಯಲ್ಲಿ ಹಳೆಯ ಕರ್ನಲ್ ಇರುತ್ತದೆ, ಅದರಿಂದ ಎಬ್ಬಿಸಿ ನೋಡಿ. ಅದರಲ್ಲಿ ಕೀಬೋರ್ಡ್ ಓಡಿದರೆ ತೊಂದರೆ ಹೊಸ ಕರ್ನಲ್ ಕಡೆಯದ್ದು.

ನಮ್ಮಲ್ಲಿ ಕೊನೆಗೆ ಉಳಿದದ್ದು ರೂಪಾಯಿ ಚಿಹ್ನೆ. ಬಿಲ್ ಬುಕ್ ಕೆಲಸಕ್ಕೆ ಅದು ಬೇಕೇ ಬೇಕು. ಕೆಜಿಪಿ ಫೈಲ್‌ನಲ್ಲೇ ಅದಕ್ಕೊಂದು ಕೀ ಸೇರಿಸಲಾಗಿತ್ತು, ಹೊಸ ಎಂ17ಎನ್-ಡಿಬಿ ಆ ಫೈಲನ್ನು ಅಳಿಸಿ ತನ್ನದನ್ನು ಬರೆದಿತ್ತು. ಸಿಸ್ಟಮ್ಮಿನ ಶೇರ್ ಫೋಲ್ಡರಿನಲ್ಲಿರುವುದು ಪ್ಯಾಕೇಜಿನ ಸ್ವತ್ತು, ಪ್ರತಿ ಅಪ್‌ಗ್ರೇಡ್‌ನಲ್ಲೂ ಬದಲಾಗಬಹುದು. ಈ ಸಲ ಫೈಲಿನ ಪ್ರತಿ ಮಾಡಿ, ಹೋಮ್ ಫೋಲ್ಡರಿನಲ್ಲಿ ಚುಕ್ಕೆ ಎಂ17ಎನ್ ಚುಕ್ಕೆ ಡಿ ಅನ್ನುವ ಫೋಲ್ಡರ್ ಮಾಡಿ ಅದರಲ್ಲಿಟ್ಟೆ. ಫೈಲಿನ ಹೆಸರನ್ನೂ, ಒಳಗೆ ಶುರುವಿನಲ್ಲಿ ಬರುವ ಇನ್‌ಪುಟ್ ಮೆಥಡ್ ಹೆಸರನ್ನೂ ಬದಲಿಸಿ, ರೂಪಾಯಿಗೆ ಒಂದು ಸಾಲು ಸೇರಿಸಿದೆ. ಐಬಸ್ ರೀಸ್ಟಾರ್ಟ್ ಆದ ಮೇಲೆ ಅದು ಪಟ್ಟಿಯಲ್ಲಿ ಬೇರೆಯೇ ವಿನ್ಯಾಸವಾಗಿ ಕಾಣಿಸಿತು. ಅದೇ ಫೈಲನ್ನು ಪೆನ್‌ಡ್ರೈವಿನಲ್ಲಿ ಉಳಿದ ಕಂಪ್ಯೂಟರ್‌ಗಳಿಗೂ ಹಾಕಿದ್ದೇನೆ.